ಲಸಿಕೆ ತಪ್ಪಿದ ಮಗುವನ್ನು ಹುಡುಕುವುದು ಹೇಗೆ?

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆರೋಗ್ಯ ಸುರಕ್ಷಾಧಿಕಾರಿಗಳು ಮತ್ತು ಆಶಾ ಕಾರ್ಯಕರ್ತೆಯರಿಗೆ

‘ಲಸಿಕೆ ಪ್ರಮಾಣ ಹೆಚ್ಚಿಸಿ’ ಎಂಬ ಸುತ್ತೋಲೆ ಬಂದೊಡನೆ ಜಾಥಾ, ಬ್ಯಾನರು, ಮೈಕು ನೆನಪಾಗುತ್ತವೆ. ಅವೂ ಇರಲಿ. ಆದರೆ ಸೂಜಿ ತಪ್ಪಿದ ಮಕ್ಕಳ ಮನೆಗೆ ಹೋಗಿ ಕೇಳಿ ನೋಡಿ. ‘ನಮಗೆ ಲಸಿಕೆಯೇ ಬೇಡ’ ಎನ್ನುವ ಮನೆಗಳು ಕೆಲವೇ ಸಿಗುತ್ತವೆ. ಉಳಿದ ಮನೆಗಳಲ್ಲಿ ಬಾಣಂತಿ ತವರಿನಲ್ಲಿದ್ದಳು, ತಾಯಿ ಕೂಲಿಗೆ ಹೋಗಿದ್ದಳು, ನೆಗಡಿ ಇದೆಯೆಂದು ಮಗುವನ್ನು ವಾಪಸು ಕಳಿಸಿದ್ದರು, ಇಲ್ಲವೇ ಮುಂದಿನ ಸೂಜಿ ಯಾವಾಗ ಎಂದು ಯಾರೂ ಹೇಳಿರಲಿಲ್ಲ. ಇವರಿಗೆ ಭಾಷಣದಿಂದ ಏನೂ ಆಗಬೇಕಿಲ್ಲ, ಹೆಸರು ಹಿಡಿದು ಹುಡುಕಿಕೊಂಡು ಬರುವ ಒಬ್ಬರು ಬೇಕು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 12ರಿಂದ 23 ತಿಂಗಳ ವಯಸ್ಸಿನ, ಪೂರ್ಣ ಲಸಿಕೆ ಪಡೆದ ಮಕ್ಕಳ ಪ್ರಮಾಣ ನಾಲ್ಕನೇ ಸಮೀಕ್ಷೆಯ ಹೊತ್ತಿಗೆ ಸುಮಾರು ಶೇ 63 ಇತ್ತು. ಐದನೆಯದರ ಹೊತ್ತಿಗೆ ಸುಮಾರು ಶೇ 84 ಆಯಿತು. ದೊಡ್ಡ ಜಿಗಿತವೇ. ಆದರೆ ದಡಾರ ಹರಡದಂತೆ ತಡೆಯಲು ಶೇ 95ರಷ್ಟು ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. ಉಳಿದಿರುವ ಈ ಕೊನೆಯ ಮಕ್ಕಳನ್ನು ತಲುಪುವುದೇ ಕಷ್ಟದ ಕೆಲಸ.

ಮೊದಲು ಪಟ್ಟಿ ಸರಿಪಡಿಸಿ

ಬಯಲು ಸೀಮೆಯ ಒಂದು ಉಪಕೇಂದ್ರಕ್ಕೆ ಸುಮಾರು 5,000 ಜನ. ವರ್ಷಕ್ಕೆ ಹುಟ್ಟುವ ಮಕ್ಕಳು ನೂರರೊಳಗೆ. ಅಷ್ಟೂ ಮಕ್ಕಳನ್ನು ಹೆಸರಿನಿಂದ ಗುರುತಿಸುವುದು ಅಸಾಧ್ಯವೇನಲ್ಲ. ಆದರೆ ಹಳೆಯ ಡ್ಯೂ ಲಿಸ್ಟನ್ನೇ (ಲಸಿಕೆ ಬಾಕಿಯಿರುವ ಮಕ್ಕಳ ಪಟ್ಟಿ) ತಿಂಗಳು ತಿಂಗಳು ನಕಲು ಮಾಡುತ್ತ ಹೋದರೆ ಪಟ್ಟಿಯಲ್ಲಿ ಇಲ್ಲದ ಮಗು ಯಾವತ್ತೂ ಪಟ್ಟಿಗೆ ಬರುವುದಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಮನೆಮನೆ ಎಣಿಕೆ ಮಾಡಿ. ಅಂಗನವಾಡಿಯ ದಾಖಲೆ, ಗ್ರಾಮ ಪಂಚಾಯಿತಿಯ ಜನನ ನೋಂದಣಿ, ನಿಮ್ಮ ತಾಯಿ ಕಾರ್ಡಿನ (ತಾಯಿಯ ತಪಾಸಣೆ, ಮಗುವಿನ ಲಸಿಕೆ ಬರೆದಿಡುವ ಕಾರ್ಡ್) ನೋಂದಣಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಹೆಸರಿನ ಮನೆಗೆ ಮೊದಲು ಹೋಗಿ.

ಊರ ನಕ್ಷೆಯಲ್ಲಿ ಇಲ್ಲದ ಜಾಗಗಳಿಗೆ ಬೇರೆಯದೇ ಹಾಳೆ ಇಡಿ: ಇಟ್ಟಿಗೆ ಭಟ್ಟಿ, ಕಟ್ಟಡ ಕೆಲಸದ ಶೆಡ್ಡು, ತೋಟದ ಲೈನ್ ಮನೆ, ಕಬ್ಬು ಕಡಿಯುವವರ ಗುಡಿಸಲು. ಬೆಳಗಾವಿ, ಬಾಗಲಕೋಟೆ ಕಡೆ ಕಾರ್ಖಾನೆ ಶುರುವಾದರೆ ಕಬ್ಬಿನ ಗ್ಯಾಂಗುಗಳು ಮಕ್ಕಳೊಂದಿಗೇ ಬರುತ್ತವೆ. ಕೊಡಗು, ಚಿಕ್ಕಮಗಳೂರಿನಲ್ಲಿ ಕಾಫಿ ಕೊಯ್ಲಿಗೆ ಹೊರ ರಾಜ್ಯದವರು ಬರುತ್ತಾರೆ. ಯಾದಗಿರಿ, ರಾಯಚೂರಿನ ಮಕ್ಕಳು ಬೆಂಗಳೂರಿನ ಕಟ್ಟಡಗಳ ನೆರಳಲ್ಲಿ ಬೆಳೆಯುತ್ತಾರೆ. ‘ಅವರು ನಮ್ಮ ಊರಿನವರಲ್ಲ’ ಎಂಬ ಮಾತನ್ನು ಬಿಟ್ಟುಬಿಡಬೇಕು. ಇವತ್ತು ರಾತ್ರಿ ಮಗು ಎಲ್ಲಿ ಮಲಗುತ್ತದೋ ಅಲ್ಲಿನ ಉಪಕೇಂದ್ರದ ಮಗು ಅದು.

ತವರು ಮತ್ತು ಗಂಡನ ಮನೆಯ ನಡುವೆ

ನಮ್ಮಲ್ಲಿ ಮಕ್ಕಳು ತಪ್ಪಿಹೋಗುವ ಅತಿ ದೊಡ್ಡ ಜಾಗ ಇದು. ಗರ್ಭಿಣಿಯ ನೋಂದಣಿ ಗಂಡನ ಊರಲ್ಲಿ ಆಗುತ್ತದೆ. ಸೀಮಂತ ಮುಗಿಸಿಕೊಂಡು ಅವಳು ತವರಿಗೆ ಹೋಗುತ್ತಾಳೆ. ಹೆರಿಗೆ ತಾಲ್ಲೂಕು ಆಸ್ಪತ್ರೆಯಲ್ಲೋ ಖಾಸಗಿ ನರ್ಸಿಂಗ್ ಹೋಮಿನಲ್ಲೋ ಆಗುತ್ತದೆ. ಕ್ಷಯದ ಲಸಿಕೆ ಬಿಸಿಜಿ, ಹುಟ್ಟಿದೊಡನೆ ಕೊಡುವ ಪೋಲಿಯೊ ಸೊನ್ನೆ ಡೋಸ್, ಹೆಪಟೈಟಿಸ್-ಬಿ ಅಲ್ಲೇ. ಒಂದೂವರೆ ತಿಂಗಳ ಸೂಜಿ ತವರಿನಲ್ಲಿ. ಮೂರನೇ ತಿಂಗಳೋ ಐದನೇ ತಿಂಗಳೋ ಬಾಣಂತನ ಮುಗಿಸಿ ಮಗು ಅಪ್ಪನ ಊರಿಗೆ ಬರುತ್ತದೆ. ಆ ಕಡೆಯವರು ‘ಗಂಡನ ಮನೆಗೆ ಹೋದಳು’ ಎಂದು ಹೆಸರು ಹೊಡೆದಿರುತ್ತಾರೆ. ಈ ಕಡೆಯವರ ಪುಸ್ತಕದಲ್ಲಿ ‘ತವರಿಗೆ ಹೋಗಿದ್ದಾಳೆ’ ಎಂದೇ ಇರುತ್ತದೆ. ಎರಡೂ ಪುಸ್ತಕ ಸರಿಯಾಗಿಯೇ ಇವೆ, ಮಗುವಿನ ಎರಡನೇ ಡೋಸ್ ಮಾತ್ರ ಎಲ್ಲೂ ಇಲ್ಲ.

ಹೀಗಾಗದಿರಲು ಏಳನೇ ತಿಂಗಳ ತಪಾಸಣೆಯಲ್ಲೇ ಕೇಳಿ ಬರೆದುಕೊಳ್ಳಿ: ತವರು ಯಾವ ಊರು, ಯಾವಾಗ ಹೋಗುತ್ತೀರಿ, ಯಾವಾಗ ಬರುತ್ತೀರಿ. ಆ ಊರಿನ ಆಶಾ ಕಾರ್ಯಕರ್ತೆಯ ನಂಬರು ಹುಡುಕಿ ಒಂದು ಫೋನ್ ಮಾಡಿ. ಮರಳುವ ತಿಂಗಳಿಗೆ ನಿಮ್ಮ ಡೈರಿಯಲ್ಲಿ ಹೆಸರು ಹಾಕಿಡಿ. ಫೋನ್ ನಂಬರು ಎರಡಿರಲಿ. ಗಂಡನ ನಂಬರು ಬೆಂಗಳೂರಿನಲ್ಲಿ ದುಡಿಯುವವನ ಜೇಬಿನಲ್ಲಿರುತ್ತದೆ. ಮನೆಯಲ್ಲಿ ಯಾರ ಕೈಗೆ ಫೋನ್ ಸಿಗುತ್ತದೋ ಅವರದ್ದು ಬೇಕು. ಲಸಿಕೆ ದಾಖಲಿಸುವ ಸರ್ಕಾರಿ ಆನ್‌ಲೈನ್ ವೇದಿಕೆ ಯು-ವಿನ್ ಬಂದ ಮೇಲೆ ಬೇರೆ ಊರಲ್ಲಿ ಹಾಕಿಸಿದ ಡೋಸನ್ನೂ ನೋಡಬಹುದು. ಆದರೆ ಅಲ್ಲಿ ಯಾರಾದರೂ ಅದನ್ನು ನಮೂದಿಸಿದ್ದರಷ್ಟೇ ಕಾಣುವುದು. ಆದ್ದರಿಂದ ತಾಯಿ ಕಾರ್ಡ್ ಜೋಪಾನವಾಗಿರಲಿ.

ಬಂದ ಮಗುವನ್ನು ವಾಪಸು ಕಳಿಸಬೇಡಿ

ಹತ್ತು ಡೋಸಿನ ಬಿಸಿಜಿ ವಯಲನ್ನು (ಲಸಿಕೆಯ ಪುಟ್ಟ ಸೀಸೆ) ಒಂದೇ ಮಗುವಿಗಾಗಿ ಒಡೆಯಲು ಕೈ ಹಿಂಜರಿಯುತ್ತದೆ. ‘ಮುಂದಿನ ವಾರ ನಾಲ್ಕು ಮಕ್ಕಳು ಸೇರಿದಾಗ ಬನ್ನಿ’ ಎನ್ನುತ್ತೇವೆ. ಅರ್ಧ ದಿನದ ಕೂಲಿ ಬಿಟ್ಟು, ಬಿಸಿಲಲ್ಲಿ ನಡೆದು ಬಂದ ತಾಯಿ ಮುಂದಿನ ವಾರವೂ ಬರುತ್ತಾಳೆಂಬ ಭರವಸೆ ಎಲ್ಲಿದೆ? ಒಂದು ಮಗುವಿದ್ದರೂ ವಯಲ್ ಒಡೆಯಬೇಕು ಎಂದೇ ನಿಯಮ ಹೇಳುತ್ತದೆ. ಪೆಂಟಾವೇಲೆಂಟ್ (ಐದು ಕಾಯಿಲೆಗಳಿಗೆ ಒಂದೇ ಸೂಜಿ), ಪಿಸಿವಿ (ನ್ಯುಮೋಕಾಕಲ್ ಲಸಿಕೆ), ಐಪಿವಿ (ಪೋಲಿಯೊ ಸೂಜಿ), ಟಿಡಿ (ಧನುರ್ವಾಯು, ಗಂಟಲಮಾರಿಗೆ) ಮುಂತಾದವನ್ನು ತಂಪಾಗಿಡುವ ಶೈತ್ಯ ಸರಪಳಿ ಕೆಡದಿದ್ದರೆ, ಶಾಖ ತಗುಲಿದ್ದನ್ನು ತೋರಿಸುವ ವಯಲ್ ಮಾನಿಟರಿನ ಒಳಚೌಕ ಹೊರವೃತ್ತಕ್ಕಿಂತ ತಿಳಿಯಾಗಿದ್ದರೆ, ಒಡೆದ ಮೇಲೂ 28 ದಿನ ಬಳಸಬಹುದು. ಒಡೆದ ದಿನ, ಗಂಟೆ ವಯಲ್ ಮೇಲೆ ಬರೆದಿರಬೇಕು. ಪುಡಿಗೆ ದ್ರಾವಣ ಸೇರಿಸಿ ಕಲಸಿದ ಬಿಸಿಜಿ ಮತ್ತು ದಡಾರ-ರುಬೆಲ್ಲಾ ಮಾತ್ರ ನಾಲ್ಕು ಗಂಟೆಯೊಳಗೆ ಮುಗಿಯಬೇಕು. ಉಳಿದದ್ದು ಚೆಲ್ಲಿಹೋದರೆ ಹೋಗಲಿ. ಅದು ದಡಾರದಿಂದ ಒಂದು ಮಗು ನ್ಯುಮೋನಿಯಾಕ್ಕೆ ಬೀಳುವುದಕ್ಕಿಂತ ದೊಡ್ಡ ನಷ್ಟವಲ್ಲ.

ನೆಗಡಿ, ಸಣ್ಣ ಕೆಮ್ಮು, ಮೈ ಸ್ವಲ್ಪ ಬೆಚ್ಚಗಿರುವುದು, ಸಾಧಾರಣ ಭೇದಿ, ಕಡಿಮೆ ತೂಕ, ಇವು ಯಾವುವೂ ಲಸಿಕೆಗೆ ಅಡ್ಡಿಯಲ್ಲ. ಒಂದೇ ದಿನ ಮೂರು ಸೂಜಿಯೇ ಎಂದು ತಾಯಿಗಿಂತ ಹೆಚ್ಚಾಗಿ ಕೆಲವೊಮ್ಮೆ ಸಿಬ್ಬಂದಿಯೇ ಅಳುಕುತ್ತಾರೆ. ಒಂದೂವರೆ ತಿಂಗಳಿಗೆ ಪೆಂಟಾ ಎಡ ತೊಡೆಗೆ, ಪಿಸಿವಿ ಬಲ ತೊಡೆಗೆ, ಐಪಿವಿ ಬಲ ತೋಳಿಗೆ. ಒಟ್ಟಿಗೇ ಕೊಡುವುದು ಸುರಕ್ಷಿತ. ಒಂದನ್ನು ಮುಂದಕ್ಕೆ ಹಾಕಿದರೆ ತಪ್ಪಿಹೋಗುವುದು ಅದೇ.

ತಡವಾಗಿ ಬಂದ ಮಗುವಿಗೆ ಮೊದಲಿನಿಂದ ಶುರು ಮಾಡುವುದೂ ಬೇಡ, ಬೈಯುವುದೂ ಬೇಡ. ಎಲ್ಲಿ ನಿಂತಿತ್ತೋ ಅಲ್ಲಿಂದ, ಕನಿಷ್ಠ ನಾಲ್ಕು ವಾರಗಳ ಅಂತರ ಕೊಟ್ಟು ಮುಂದುವರಿಸಿ. ದಡಾರ-ರುಬೆಲ್ಲಾ ತಪ್ಪಿದ್ದರೆ ಐದು ವರ್ಷದವರೆಗೂ ಕೊಡಬಹುದು. ಜ್ವರಕ್ಕೋ ಗಾಯಕ್ಕೋ ಒಪಿಡಿಗೆ ಬರುವ ಪ್ರತಿ ಮಗುವಿನ ಕಾರ್ಡನ್ನು ಚೀಟಿ ಬರೆಯುವಲ್ಲೇ ಕೇಳುವ ರೂಢಿ ಮಾಡಿಕೊಳ್ಳಿ. ಡಾಕ್ಟರ ಕೋಣೆ ದಾಟುವ ಮೊದಲೇ ಬಾಕಿ ಸೂಜಿ ಗೊತ್ತಾಗುತ್ತದೆ.

ಸೂಜಿ ಹಾಕುವ ಮೊದಲೇ ಜ್ವರದ ಮಾತಾಡಿ

ಪೆಂಟಾ ಒಂದು ಆದ ಮೇಲೆ ಎರಡಕ್ಕೆ ಬಾರದಿರಲು ಆ ರಾತ್ರಿಯ ಜ್ವರವೇ ಬಹಳ ಸಲ ಕಾರಣ. ಹೇಳದೆ ಬಂದ ಜ್ವರ ಹೆದರಿಸುತ್ತದೆ. ಹೇಳಿದ್ದ ಜ್ವರಕ್ಕೆ ಮನೆಯವರು ಸಿದ್ಧರಾಗಿರುತ್ತಾರೆ. ಪ್ರತಿ ತಾಯಿಗೂ ನಾಲ್ಕು ಮಾತು ಹೇಳಲೇಬೇಕು: ಇವತ್ತು ಹಾಕಿದ್ದು ಯಾವ ಕಾಯಿಲೆಗೆ, ಮುಂದೆ ಯಾವ ದಿನ ಬರಬೇಕು, ಏನಾಗಬಹುದು ಮತ್ತು ಆದರೆ ಏನು ಮಾಡಬೇಕು, ಕಾರ್ಡ್ ಜೋಪಾನ. ಮಗು ಅರ್ಧ ಗಂಟೆ ಅಲ್ಲೇ ಇರಲಿ. ಆ ಅರ್ಧ ಗಂಟೆ ಮಾತಾಡುವುದಕ್ಕೇ ಇದೆ.

ಬೇಡ ಎನ್ನುವ ಮನೆಯಲ್ಲಿ ಬಹಳ ಸಲ ತಡೆಯುವವರು ಅಜ್ಜಿ. ಆಕೆಯೊಂದಿಗೆ ವಾದಕ್ಕಿಳಿಯಬೇಡಿ, ಪಕ್ಕದಲ್ಲಿ ಕುಳಿತುಕೊಳ್ಳಿ.

‘ಹೋದ ಸಲ ಸೂಜಿ ಹಾಕಿಸಿ ಕೂಸು ಎರಡು ದಿನ ಬೆಂಕಿಯಾಗಿತ್ತವ್ವಾ. ಮತ್ತೆ ಬೇಡ.’

‘ಹೌದಜ್ಜಿ, ಜ್ವರ ಬಂದದ್ದು ನಿಜ. ನಾವು ಮೊದಲೇ ಹೇಳಬೇಕಿತ್ತು. ಈ ಸಲ ಸಿರಪ್ಪು ಎಷ್ಟು ಕೊಡಬೇಕಂತ ತೋರಿಸಿಕೊಡ್ತೀನಿ, ನಾಳೆ ಬೆಳಿಗ್ಗೆ ನಾನೇ ಬಂದು ನೋಡ್ತೀನಿ. ನಿಮ್ಮ ಕಾಲದಾಗ ಗಂಟಲಮಾರಿ ನೋಡೀರಲ್ಲ?’

ಆಕೆ ನೋಡಿರುತ್ತಾಳೆ. ನಾಯಿಕೆಮ್ಮು, ಧನುರ್ವಾಯು, ದಡಾರ ಎಲ್ಲವನ್ನೂ ಆ ತಲೆಮಾರು ಕಂಡಿದೆ. ಇವತ್ತಿನ ತಾಯಂದಿರಿಗೆ ನಾವು ಹೇಳುವುದಕ್ಕಿಂತ ಆ ಅಜ್ಜಿ ಹೇಳಿದ್ದು ಹೆಚ್ಚು ನಾಟುತ್ತದೆ. ಮಾತು ಕೊಟ್ಟ ಮೇಲೆ ಮರುದಿನ ಬೆಳಿಗ್ಗೆ ಹೋಗಲೇಬೇಕು. ಮಗು ಮೂರು ಗಂಟೆ ಬಿಡದೆ ಅತ್ತರೆ, ಫಿಟ್ಸ್ ಬಂದರೆ, ಮಂಕಾಗಿ ಮಲಗಿದರೆ ಕಾಯದೆ ಕೇಂದ್ರಕ್ಕೆ ಕರೆತರಲು ಹೇಳಿ. ಅಂಥದ್ದನ್ನು ಮುಚ್ಚಿಡದೆ ವರದಿ ಮಾಡಿ.

ಜನರ ಹೊತ್ತಿಗೆ ನಮ್ಮ ಹೊತ್ತು

ವಾರದ ಲಸಿಕಾ ದಿನ ಸಂತೆಯ ದಿನವೇ ಆಗಿದ್ದರೆ ದಿನ ಬದಲಿಸಲು ವೈದ್ಯಾಧಿಕಾರಿ ಪ್ರಯತ್ನಿಸಬೇಕು. ಕೂಲಿ ಶೆಡ್ಡುಗಳಿಗೆ ಬೆಳಿಗ್ಗೆ ಕೆಲಸಕ್ಕೆ ಮೊದಲು ಅಥವಾ ಸಂಜೆ. 2014ರ ಡಿಸೆಂಬರಿನಲ್ಲಿ ಶುರುವಾದ ಲಸಿಕಾ ಅಭಿಯಾನ ಮಿಷನ್ ಇಂದ್ರಧನುಷ್ ಹಟ್ಟಿ, ಭಟ್ಟಿಗಳಂಥ ಬಿಟ್ಟುಹೋದ ಜಾಗಗಳಿಗೇ ಹೋಗುವ ಕ್ರಮ ಹಾಕಿಕೊಟ್ಟಿದೆ. ಅಭಿಯಾನ ಮುಗಿದ ಮೇಲೂ ಆ ಜಾಗಗಳು ಮಾಮೂಲಿ ಯೋಜನೆಯಲ್ಲಿ ಉಳಿಯಬೇಕು.

ತಿಂಗಳ ಕೊನೆಗೆ ಒಂದು ಲೆಕ್ಕ

ಪೆಂಟಾ ಒಂದನೇ ಡೋಸ್ ಪಡೆದವರಿಂದ ಮೂರನೆಯದನ್ನು ಪಡೆದವರನ್ನು ಕಳೆದು, ಒಂದನೆಯದರಿಂದ ಭಾಗಿಸಿ, ನೂರರಿಂದ ಗುಣಿಸಿ. ಒಂದನೆಯದು 80 ಮಕ್ಕಳು, ಮೂರನೆಯದು 68 ಎಂದಾದರೆ ಬಿಟ್ಟುಹೋದವರು ಶೇ 15. ಹತ್ತನ್ನು ದಾಟಿದರೆ ಜನ ಬಂದು ಹಿಂದೆ ಸರಿಯುತ್ತಿದ್ದಾರೆ ಎಂದರ್ಥ, ನಮ್ಮ ನಡವಳಿಕೆ, ಮಾತು, ಸಮಯ ನೋಡಿಕೊಳ್ಳಬೇಕು. ಶೇಕಡಾವಾರು ಕಡಿಮೆಯಿದ್ದರೂ ಒಂದನೇ ಡೋಸಿಗೇ ಬಾರದವರು ಹೆಚ್ಚಿದ್ದರೆ ತೊಂದರೆ ಪಟ್ಟಿಯಲ್ಲಿದೆ.

ಆಮೇಲೆ ಬಿಟ್ಟುಹೋದ ಆ 12 ಮಕ್ಕಳ ಹೆಸರು ಓದಿ. ಮಾಸಿಕ ಸಭೆಯಲ್ಲಿ ಅಂಕಿಗಿಂತ ಮೊದಲು ಹೆಸರುಗಳನ್ನು ಓದಿಸುವ ವೈದ್ಯರ ಕೇಂದ್ರದಲ್ಲಿ ಕೆಲಸ ಬೇರೆಯೇ ರೀತಿ ನಡೆಯುತ್ತದೆ. ಪ್ರತಿ ಹೆಸರಿನ ಮುಂದೆ ಕಾರಣ, ಯಾರು ಹೋಗುತ್ತಾರೆ, ಯಾವ ದಿನದೊಳಗೆ ಎಂದು ಬರೆಯಿರಿ. ಪಲ್ಸ್ ಪೋಲಿಯೊದಲ್ಲಿ ಮಗು ತಪ್ಪಿದ ಮನೆಗೆ ಎಕ್ಸ್ ಗುರುತು ಹಾಕಿ ಮತ್ತೆ ಮತ್ತೆ ಹೋಗಿದ್ದೆವಲ್ಲ, ಆ ಶಿಸ್ತೇ ಇದು. ದೇಶದ ಕೊನೆಯ ವೈಲ್ಡ್ (ನಿಸರ್ಗದಲ್ಲಿ ಹರಡುವ ಮೂಲ ವೈರಸ್ಸಿನ) ಪೋಲಿಯೊ ಪ್ರಕರಣ 2011ರ ಜನವರಿಯದ್ದು.

ಒಂದು ವರ್ಷ ತುಂಬಿತೆಂದು ಪಟ್ಟಿಯಿಂದ ಹೆಸರು ಹೊಡೆಯಬೇಡಿ. 16ರಿಂದ 24 ತಿಂಗಳೊಳಗೆ ದಡಾರ-ರುಬೆಲ್ಲಾ ಎರಡನೇ ಡೋಸ್ ಮತ್ತು ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುವಿಗೆ) ಬೂಸ್ಟರ್, 5ರಿಂದ 6 ವರ್ಷದಲ್ಲಿ ಡಿಪಿಟಿ ಎರಡನೇ ಬೂಸ್ಟರ್, 10 ಮತ್ತು 16 ವರ್ಷಕ್ಕೆ ಟಿಡಿ ಬಾಕಿ ಇರುತ್ತವೆ. ಗಂಟಲಮಾರಿ ದೊಡ್ಡ ಮಕ್ಕಳಿಗೂ ಬರುತ್ತದೆ. ಒಂದನೇ ತರಗತಿಯ ದಾಖಲಾತಿ ಮುಗಿದ ವಾರದಲ್ಲೇ ಮುಖ್ಯ ಶಿಕ್ಷಕರಿಂದ ಮಕ್ಕಳ ಪಟ್ಟಿ ತೆಗೆದುಕೊಂಡು ನಿಮ್ಮ ಪುಸ್ತಕದ ಜೊತೆ ತಾಳೆ ನೋಡಿ.