ಹಣ್ಣು ಮೊದಲು, ಹೊಗೆ ಕೊನೆಗೆ: ಮನೇಲೇ ಬಾರ್ಬೆಕ್ಯೂ ಸಾಸ್

ಬಾರ್ಬೆಕ್ಯೂ ಸಾಸ್, ಅಂದ್ರೆ ಗ್ರಿಲ್ ಮೇಲೆ ಸುಡೋ ಮಾಂಸಕ್ಕೆ ಹಚ್ಚೋ ಸಾಸ್, ಮನೇಲಿ ಮಾಡೋಕೆ ಹೊರಟೋರು ಮೊದಲನೇ ಸಲ ಎಡವೋದು ಸಾಮಾನ್ಯವಾಗಿ ಒಂದೇ ಕಡೆ, ಹೊಗೆ ಘಮ ಬರ್ಲಿ ಅಂತ ಶುರುನಲ್ಲೇ ಎಲ್ಲಾ ಸುರಿದುಬಿಡೋದು. ನಾನೂ ಎಡವಿದೀನಿ. ಲಿಕ್ವಿಡ್ ಸ್ಮೋಕ್, ಅಂದ್ರೆ ಹೊಗೆ ಘಮದ ದ್ರವ, ಅದರ ಬಾಟಲಿ ಹೊಸದಾಗಿ ಕೈಗೆ ಸಿಕ್ಕಿತ್ತು, ಎರಡು ಚಮಚ ತಾನೇ ಏನಾಗುತ್ತೆ ಅಂತ ಧಾರಾಳವಾಗಿ ಹಾಕ್ದೆ, ಕೊನೆಗೆ ಆ ಸಾಸ್ ನಾಲಿಗೆಗಿಟ್ರೆ ಆರಿದ ಒಲೆ ಬೂದಿ ನೆಕ್ಕಿದ ಹಾಗಿತ್ತು, ಅಷ್ಟು ಒಳ್ಳೆ ಹಣ್ಣು ಹಾಕಿದ್ದು ಎಲ್ಲೋಯ್ತೋ ಗೊತ್ತೇ ಆಗ್ಲಿಲ್ಲ. ಹುಳಿ ಕಮ್ಮಿಯಾದ್ರೆ ಆಮೇಲೆ ಹಾಕ್ಬಹುದು, ಸಿಹಿನೂ ಅಷ್ಟೆ, ಆದ್ರೆ ಹೊಗೆ ಒಂದ್ಸಲ ಒಳಗೆ ಹೋದ್ರೆ ತೆಗೆಯೋಕೆ ಬರಲ್ಲ. ಅದಕ್ಕೇ ನಾನೀಗ ಹಣ್ಣನ್ನ ಮೊದಲು ಬೇಯಿಸ್ತೀನಿ, ಹೊಗೆಯನ್ನ ಕೊನೆಗೆ, ರುಚಿ ನೋಡ್ತಾ ನೋಡ್ತಾ ಹಾಕ್ತೀನಿ.

ಹಣ್ಣು ಯಾವ್ದು ಅಂತ ಕೇಳಿದ್ರೆ, ಸಿಹಿ ಜೊತೆ ಹುಳಿನೂ ಇರೋದು. ಪ್ಲಮ್, ಪೀಚ್, ಅನಾನಸ್, ಚೆರ್ರಿ, ಸ್ವಲ್ಪ ಹುಳಿ ಇರೋ ಮಾವಿನಹಣ್ಣು ಇವೆಲ್ಲ ಚೆನ್ನಾಗಿ ಬರುತ್ತೆ. ಬಾಳೆಹಣ್ಣು ಬೇಡ, ಬೆಂದ್ರೆ ಬರೀ ಹಿಟ್ಟಿಟ್ಟಾಗುತ್ತೆ. ಪ್ಲಮ್, ಸೇಬಲ್ಲಿ ಪೆಕ್ಟಿನ್ ಜಾಸ್ತಿ, ಅದೇ ಸಾಸನ್ನ ಗಟ್ಟಿ ಮಾಡುತ್ತೆ, ಕಾರ್ನ್‌ಫ್ಲೋರ್ ಗೀರ್ನ್‌ಫ್ಲೋರ್ ಏನೂ ಬೇಕಾಗಲ್ಲ, ಬೇರೆ ಹಣ್ಣು ಹಾಕಿದಾಗ್ಲೂ ಒಂದು ಅರ್ಧ ಸೇಬು ತುರಿದು ಸೇರಿಸಿಬಿಡಿ. ಅನಾನಸ್ ಆದ್ರೆ ಪೂರ್ತಿ ಬೇಯಿಸ್ಲೇಬೇಕು, ಹಸಿ ಅನಾನಸಲ್ಲಿ ಮಾಂಸವನ್ನ ಮೆತ್ತಗೆ ಮಾಡೋ ಬ್ರೋಮೆಲಿನ್ ಅನ್ನೋ ಎಂಜೈಮ್ ಇರುತ್ತೆ, ಹಸಿಯಾಗೇ ಹಚ್ಚಿ ರಾತ್ರಿಯಿಡೀ ಇಟ್ರೆ ಚಿಕನ್ ಮೇಲ್ಮೈ ಪೇಸ್ಟ್ ಥರ ಆಗೋಗುತ್ತೆ, ಕುದಿಸಿದ್ರೆ ಆ ಕಾಟ ಇರಲ್ಲ.

ಅಳತೆ ಹೇಳ್ತೀನಿ, ಆದ್ರೆ ಹಣ್ಣಿನ ಸಿಹಿ ಒಂದೊಂದ್ಸಲ ಒಂದೊಂದು ಥರ ಇರುತ್ತೆ, ನಾಲಿಗೆ ಮೇಲೂ ನಂಬಿಕೆ ಇಡಿ. ಅರ್ಧ ಕೆಜಿ ಮಾಗಿದ ಟೊಮ್ಯಾಟೊಗೆ ಸಿಪ್ಪೆ ಬೀಜ ತೆಗೆದ ಹಣ್ಣು 400 ಗ್ರಾಂ, ದೊಡ್ಡದು ಒಂದು ಈರುಳ್ಳಿ, ಬೆಳ್ಳುಳ್ಳಿ ಐದಾರು ಎಸಳು, ಸೇಬಿನ ವಿನೆಗರ್ ಅರ್ಧ ಕಪ್, ಬ್ರೌನ್ ಶುಗರೋ ಬೆಲ್ಲವೋ ನಾಲ್ಕು ದೊಡ್ಡ ಚಮಚ, ಸೋಯಾ ಸಾಸ್ ಒಂದು ದೊಡ್ಡ ಚಮಚ, ಸಾಸಿವೆ ಪೇಸ್ಟ್ ಒಂದು ಚಿಕ್ಕ ಚಮಚ, ಕಾಳುಮೆಣಸಿನ ಪುಡಿ ಅರ್ಧ ಚಮಚ. ಉಪ್ಪು ಮಾತ್ರ ಕೊನೆಗೆ, ಸಾಸ್ ಬತ್ತಿದ ಹಾಗೆಲ್ಲ ಉಪ್ಪು ಎದ್ದು ಬರುತ್ತೆ, ಸೋಯಾದಲ್ಲೂ ಉಪ್ಪಿದೆ.

ಪಾತ್ರೆ ದಪ್ಪ ತಳದ ಸ್ಟೀಲ್‌ದೇ ಇರ್ಲಿ. ಅಲ್ಯೂಮಿನಿಯಂ, ಕಬ್ಬಿಣ ಬೇಡ, ವಿನೆಗರ್ ಟೊಮ್ಯಾಟೊ ಎರಡೂ ಹುಳಿ, ಅಷ್ಟೊತ್ತು ಕುದ್ರೆ ಲೋಹದ ರುಚಿ ಇಳಿಯುತ್ತೆ. ಈಗ ಒಂದು ಚಿಕ್ಕ ಕೆಲಸ ಇದೆ, ಸೋಮಾರಿತನಕ್ಕೆ ಬಿಡ್ಬೇಡಿ: ಟೊಮ್ಯಾಟೊ, ಈರುಳ್ಳಿ, ಹಣ್ಣಿನ ದಪ್ಪ ಹೋಳು ಇವನ್ನ ಮೊದಲು ಕೆಂಡದ ಮೇಲೋ ಗ್ರಿಲ್ ಪ್ಯಾನ್ ಮೇಲೋ ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳೋ ತನಕ ಸುಡಿ. ಪೂರ್ತಿ ಕರಿ ಮಾಡ್ಬೇಡಿ, ಅದು ಕಹಿ. ಸುಟ್ಟ ಹಣ್ಣಿನ ಸಿಹಿ ಬೇರೆನೇ, ಜೊತೆಗೆ ಹೊಗೆಗೆ ಒಂದು ತಳಪಾಯ ಸಿಕ್ಕ ಹಾಗೆ, ಇದನ್ನ ಮಾಡಿದ್ರೆ ಆಮೇಲೆ ಅರ್ಧದಷ್ಟು ಹೊಗೆ ಸಾಮಾನು ಸಾಕಾಗುತ್ತೆ.

ಆಮೇಲೆ ಸ್ವಲ್ಪ ಎಣ್ಣೆಯಲ್ಲಿ ಬೆಳ್ಳುಳ್ಳಿ ಸಣ್ಣ ಉರಿಲಿ ಬಾಡಿಸಿ, ಸುಟ್ಟಿದ್ದನ್ನೆಲ್ಲ ಹೆಚ್ಚಿ ಹಾಕಿ, ವಿನೆಗರ್, ಸಕ್ಕರೆ, ಉಳಿದದ್ದು ಎಲ್ಲಾ ಸೇರಿಸಿ ಸಣ್ಣ ಉರಿಲೇ 35-40 ನಿಮಿಷ ಬಿಡಿ. ಗಟ್ಟಿಯಾಗ್ತಾ ಬಂದ ಹಾಗೆ ಗುಳ್ಳೆ ಒಡೆದು ಸಿಡಿಯುತ್ತೆ, ಕೈ ಮೇಲೆ ಬಿದ್ರೆ ಚುರ್ ಅನ್ನುತ್ತೆ, ಮುಚ್ಚಳ ಓರೆ ಮಾಡಿಟ್ಟು ಉದ್ದ ಹಿಡಿಯ ಮರದ ಸೌಟಲ್ಲಿ ತಳ ಕೆರೀತಾ ಇರಿ. ಸಿಹಿ ಜಾಸ್ತಿ ಇರೋದ್ರಿಂದ ತಳ ಹಿಡಿಯೋಕೆ ಹೊತ್ತು ಬೇಡ. ಹಿಡೀತು ಅಂತ ವಾಸನೆ ಬಂದ್ರೆ ಕೆರೀಬೇಡಿ, ಮೇಲಿನದನ್ನ ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ, ತಳದ್ದು ಅಲ್ಲೇ ಬಿಟ್ಬಿಡಿ. ಚೆನ್ನಾಗಿ ಆರಿದ ಮೇಲೇನೇ ಮಿಕ್ಸಿ. ಬಿಸಿ ಬಿಸಿ ಹಾಕಿ ಮುಚ್ಚಳ ಗಟ್ಟಿ ಮುಚ್ಚಿದ್ರೆ ಒಳಗಿನ ಹಬೆ ಮುಚ್ಚಳಾನ ಎತ್ತಿ ಒಗೆಯುತ್ತೆ, ಅಡುಗೆಮನೆ ಗೋಡೆ ತೊಳೆದೋರಿಗೆ ಗೊತ್ತು ಇದು. ಅನಾನಸ್, ಮಾವು ನಾರಿದ್ರೆ ಜರಡಿಲಿ ಸೋಸಿ, ಮತ್ತೆ ಒಲೆ ಮೇಲಿಡಿ.

ಹೊಗೆ ಸೇರಿಸೋ ಹೊತ್ತು ಇದೇ. ನಂಗೆ ಇಷ್ಟ ಸ್ಮೋಕ್ಡ್ ಪ್ಯಾಪ್ರಿಕಾ, ಮೆಣಸಿನಕಾಯನ್ನ ಹೊಗೆಯಲ್ಲಿ ಒಣಗಿಸಿ ಮಾಡಿದ ಪುಡಿ, ಖಾರ ಕಮ್ಮಿ, ಬಣ್ಣ ಚೆನ್ನಾಗಿ. ಮೊದಲು ಒಂದು ಚಿಕ್ಕ ಚಮಚ ಹಾಕಿ ಹತ್ತು ನಿಮಿಷ ಕುದಿಸಿ ರುಚಿ ನೋಡಿ, ಬೇಕಾದ್ರೆ ಇನ್ನೊಂದು. ಖಾರನೂ ಬೇಕು ಅನ್ನೋರಿಗೆ ಚಿಪೋಟ್ಲೆ, ಅಂದ್ರೆ ಕೆಂಪಾಗಿ ಹಣ್ಣಾದ ಹಲಪೇನ್ಯೊ ಮೆಣಸಿನಕಾಯನ್ನ ಹೊಗೆಯಲ್ಲಿ ಒಣಗಿಸಿದ್ದು, ಎರಡು ಕಾಯಿ 20 ನಿಮಿಷ ಬಿಸಿನೀರಲ್ಲಿ ನೆನೆಸಿ ಬೀಜ ತೆಗೆದು ರುಬ್ಬಿ ಹಾಕಿ. ಎರಡೂ ಸಿಗ್ಲಿಲ್ವಾ, ಲ್ಯಾಪ್ಸಾಂಗ್ ಸೂಚಾಂಗ್ ಅಂತ ಚೀನಾದ ಟೀ ಇದೆ, ಪೈನ್ ಮರದ ಹೊಗೆಯಲ್ಲಿ ಒಣಗಿಸಿದ ಎಲೆ, ಅದರ ಗಟ್ಟಿ ಡಿಕಾಕ್ಷನ್ ಕಾಲು ಕಪ್ ಹಾಕಿದ್ರೆ ತಿಂದೋರಿಗೆ ಗುಟ್ಟು ಗೊತ್ತಾಗಲ್ಲ. ಲಿಕ್ವಿಡ್ ಸ್ಮೋಕ್ ಕೆಟ್ಟದ್ದಲ್ಲ, ಮರದ ಹೊಗೆಯನ್ನ ತಣ್ಣಗೆ ಮಾಡಿ ನೀರಲ್ಲಿ ಹಿಡಿದಿದ್ದು ಅಷ್ಟೆ, ಒಲೆ ಆರಿಸಿದ ಮೇಲೆ ಕಾಲು ಚಮಚದಿಂದ ಶುರು ಮಾಡಿ, ನನ್ನ ಥರ ಎರಡು ಚಮಚ ಬೇಡ.

ಏನೂ ಇಲ್ಲ ಅಂದ್ರೆ ಕೆಂಡ ಇದ್ದೇ ಇದೆ. ಸಾಸ್ ಪಾತ್ರೆ ನಡುವೆ ಚಿಕ್ಕ ಸ್ಟೀಲ್ ಬಟ್ಟಲಿಟ್ಟು, ನಿಗಿನಿಗಿ ಇದ್ದಿಲು ಒಂದು ತುಂಡು ಅದರೊಳಗಿಟ್ಟು, ಮೇಲೆ ಎರಡು ಹನಿ ಎಣ್ಣೆ ಬಿಟ್ಟು ತಕ್ಷಣ ಮುಚ್ಚಿ, ಐದು ನಿಮಿಷ ಸಾಕು. ಸೀಮೆಎಣ್ಣೆ ಥರದ್ದೇನಾದ್ರೂ ಹಚ್ಚಿ ಬೇಗ ಹತ್ತಿಕೊಳ್ಳೋ ಹಾಗೆ ಮಾಡಿರ್ತಾರಲ್ಲ, ಆ ಇದ್ದಿಲು ಬೇಡ್ವೇ ಬೇಡ, ಕಿಟಕಿನೂ ತೆಗೆದಿಟ್ಟಿರಿ.

ರುಚಿ ನೋಡುವಾಗ ಸೌಟಿಂದ ನೇರ ನೆಕ್ಬೇಡಿ, ತಟ್ಟೆ ಮೇಲೆ ಒಂದು ಚಮಚ ಹಾಕಿ ಫ್ರಿಡ್ಜಲ್ಲಿ ಐದು ನಿಮಿಷ ಇಟ್ಟು ನೋಡಿ, ಆರಿದ ಮೇಲೆ ಸಾಸ್ ಎಷ್ಟು ಗಟ್ಟಿ ಆಗುತ್ತೆ ಅಂತನೂ ಗೊತ್ತಾಗುತ್ತೆ. ಬೆರಳಲ್ಲಿ ಗೆರೆ ಎಳೆದ್ರೆ ಗೆರೆ ಕೂಡಿಕೊಳ್ಬಾರ್ದು. ಸಪ್ಪೆ ಅನ್ಸಿದ್ರೆ ಬಹಳ ಸಲ ಬೇಕಾಗಿರೋದು ಸಕ್ಕರೆ ಅಲ್ಲ, ಒಂದು ಚಮಚ ವಿನೆಗರ್, ಹಣ್ಣಿನ ರುಚಿ ಎದ್ದು ನಿಲ್ಲೋದೇ ಹುಳಿಯಿಂದ. ಹೊಗೆ ಜಾಸ್ತಿ ಆಗಿದ್ರೆ ಇದೇ ಸಾಸ್ ಇನ್ನೊಂದು ಒಬ್ಬೆ ಹೊಗೆ ಇಲ್ಲದೆ ಮಾಡಿ ಬೆರೆಸೋದೊಂದೇ ದಾರಿ. ಅಮೆರಿಕಾದಲ್ಲೂ ಎಲ್ಲಾ ಕಡೆ ಒಂದೇ ಸಾಸ್ ಇಲ್ಲ ಬಿಡಿ, ಕಾನ್ಸಾಸ್ ಸಿಟಿದು ಟೊಮ್ಯಾಟೊದ್ದು, ಗಟ್ಟಿ, ಸಿಹಿ, ನಾರ್ತ್ ಕ್ಯಾರೊಲಿನಾದ ಪೂರ್ವ ಭಾಗದ್ದು ವಿನೆಗರ್ ಮೆಣಸಿನ ತೆಳ್ಳನೆ ನೀರು, ಸೌತ್ ಕ್ಯಾರೊಲಿನಾ ಕಡೆ ಸಾಸಿವೆದು. ಹಂಗಾಗಿ ನಿಮ್ಮದು ಸ್ವಲ್ಪ ನೀರಾದ್ರೆ ಬೇಜಾರು ಮಾಡ್ಕೋಬೇಡಿ.

ಮಾಡಿದ ದಿನಾನೇ ತಿಂದ್ರೆ ವಿನೆಗರ್ ಮೂಗಿಗೆ ಹೊಡೆಯುತ್ತೆ, ಒಂದು ದಿನ ಬಿಟ್ಟು ನೋಡಿ, ಎಲ್ಲಾ ಹೊಂದಿಕೊಂಡಿರುತ್ತೆ. ಕುದಿಸಿ ಒಣಗಿಸಿದ ಗಾಜಿನ ಬಾಟಲಿ, ಜಾಗ ಫ್ರಿಡ್ಜ್, ಎರಡು ವಾರಕ್ಕಿಂತ ಜಾಸ್ತಿ ಇಡೋ ಹಾಗಿದ್ರೆ ಐಸ್ ಟ್ರೇಲಿ ಹಾಕಿ ಫ್ರೀಜರ್‌ಗೆ. ವಿನೆಗರ್ ಇದೆ ಕೆಡಲ್ಲ ಅಂತ ಶೆಲ್ಫ್ ಮೇಲಿಡ್ಬೇಡಿ, ಒಂದೊಂದು ಹಣ್ಣಿನ ಹುಳಿ ಒಂದೊಂದು ಥರ, ಮನೇಲಿ ಅಳೆಯೋರ್ಯಾರು.

ಗ್ರಿಲ್ ಮೇಲೆ ಹಚ್ಚೋದು ಕೊನೆ ಹತ್ತು ನಿಮಿಷ ಮಾತ್ರ, ಮೊದಲೇ ಹಚ್ಚಿದ್ರೆ ಹಣ್ಣಿನ ಸಕ್ಕರೆ ಸುಟ್ಟು ಹೊರಗೆ ಕರಿ, ಒಳಗೆ ಹಸಿ. ಬೇಕಾದಷ್ಟನ್ನ ಒಂದು ಬಟ್ಟಲಿಗೆ ಬಗ್ಗಿಸಿಕೊಂಡು ಹಚ್ಚಿ, ಹಸಿ ಮಾಂಸ ಮುಟ್ಟಿದ ಬ್ರಷ್ ಬಾಟಲಿ ಒಳಗೆ ಹೋಗ್ಬಾರ್ದು, ಬಟ್ಟಲಲ್ಲಿ ಉಳಿದಿದ್ದನ್ನ ಎಷ್ಟೇ ಹೊಟ್ಟೆ ಉರಿದ್ರೂ ಚೆಲ್ಲಿಬಿಡಿ.