ಹಳೇ ಪ್ರೀಆಂಪ್: ಹೆಸರು ಆಮೇಲೆ, ಮೀಟರ್ ಮೊದಲು

ಆಡಿಯೋ ರಿಸರ್ಚ್, ಮಾರ್ಕ್ ಲೆವಿನ್ಸನ್, ಕಾನ್ರಾಡ್-ಜಾನ್ಸನ್, ನೇಮ್, ಅಕ್ಯುಫೇಸ್. ಪ್ರೀಆಂಪ್ ಎಂದರೆ ಸಿಡಿ ಪ್ಲೇಯರ್‌ನಂಥ ಸೋರ್ಸ್‌ಗಳಲ್ಲಿ ಒಂದನ್ನು ಆರಿಸಿ, ವಾಲ್ಯೂಮ್ ಹೊಂದಿಸಿ, ಸ್ಪೀಕರ್ ನಡೆಸುವ ಪವರ್ ಆಂಪ್‌ಗೆ ಕಳಿಸುವ ಯಂತ್ರ. ಈ ಕಂಪನಿಗಳ ಪ್ರೀಆಂಪ್‌ಗಳನ್ನು ಹೊಸದಾಗಿ ಕೊಳ್ಳುವುದು ಹೆಚ್ಚಿನವರ ಕೈಗೆಟುಕದ ಮಾತು. ಇಪ್ಪತ್ತು ಮೂವತ್ತು ವರ್ಷ ಹಳೆಯವು ಆಗಾಗ ಮಾರಾಟಕ್ಕೆ ಬರುತ್ತವೆ. ಪ್ರೀಆಂಪ್‌ನಲ್ಲಿ ಸವೆಯುವ ಭಾಗ ಕಡಿಮೆ, ಆದ್ದರಿಂದ ಹಳೆಯದನ್ನು ಕೊಳ್ಳಲು ಹೆದರಬೇಕಿಲ್ಲ. ಎಡವಟ್ಟಾಗುವುದು ಎರಡು ಕಡೆ: ನಿಮ್ಮ ಪವರ್ ಆಂಪ್‌ಗೆ ಅದು ಹೊಂದದಿದ್ದಾಗ, ಇಲ್ಲವೇ ಒಳಗಿನ ಬಿಡಿಭಾಗಗಳಿಗೆ ವಯಸ್ಸಾದದ್ದು ಗೊತ್ತಾಗದಿದ್ದಾಗ. ಎರಡನ್ನೂ ದುಡ್ಡು ಎಣಿಸುವ ಮೊದಲೇ ಪತ್ತೆ ಹಚ್ಚಬಹುದು.

ಮನೆಯಲ್ಲೇ ಮುಗಿಸಬೇಕಾದ ಲೆಕ್ಕ

ಮೊದಲು ಗೇನ್, ಅಂದರೆ ಪ್ರೀಆಂಪ್ ಸಿಗ್ನಲ್ಲನ್ನು ಎಷ್ಟು ಪಟ್ಟು ವರ್ಧಿಸುತ್ತದೆ ಎಂಬುದು. ಸಿಡಿ ಪ್ಲೇಯರ್ ಆಗಲಿ ಡ್ಯಾಕ್ (ಡಿಜಿಟಲ್ ಸಂಗೀತವನ್ನು ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ) ಆಗಲಿ, ಹಿಂಬದಿಯ ದುಂಡನೆಯ ಆರ್‌ಸಿಎ ಸಾಕೆಟ್ಟಿನಿಂದ ಸುಮಾರು 2 ವೋಲ್ಟ್ ಕೊಡುತ್ತದೆ. ಹೆಚ್ಚಿನ ಪವರ್ ಆಂಪ್‌ಗಳು 1ರಿಂದ 2 ವೋಲ್ಟ್ ಸಿಕ್ಕರೆ ಪೂರ್ತಿ ಶಕ್ತಿಗೆ ಏರುತ್ತವೆ. ಅಂದರೆ ಪ್ರೀಆಂಪ್ ವರ್ಧಿಸಬೇಕಾದದ್ದು ಬಹಳ ಕಡಿಮೆ. 6 ಡೆಸಿಬಲ್ ಎಂದರೆ ಎರಡು ಪಟ್ಟು, 12 ಎಂದರೆ ನಾಲ್ಕು, 20 ಎಂದರೆ ಹತ್ತು ಪಟ್ಟು. 26 ಡೆಸಿಬಲ್ ಗೇನ್ ಇರುವ ವಾಲ್ವ್ (ಗಾಜಿನ ನಿರ್ವಾತ ಕೊಳವೆಯ) ಪ್ರೀಆಂಪ್ ತಂದರೆ ವಾಲ್ಯೂಮ್ ಗುಂಡಿ ಗಡಿಯಾರದ ಲೆಕ್ಕದಲ್ಲಿ ಎಂಟು ಗಂಟೆಯ ಜಾಗ ದಾಟುವುದೇ ಇಲ್ಲ. ಎಡ ಬಲ ಚಾನೆಲ್‌ಗಳು ಅತಿ ಹೆಚ್ಚು ಏರುಪೇರಾಗುವುದು ಅಲ್ಲೇ. ರೆಕಾರ್ಡ್ ಕೇಳದವರಿಗೆ 6ರಿಂದ 12 ಡೆಸಿಬಲ್ ಧಾರಾಳವಾಗಿ ಸಾಕು.

ಸಿಡಿಗಿಂತ ಹಿಂದಿನ ಕಾಲದ ಯಂತ್ರಗಳ ತೊಂದರೆ ಇನ್ನೊಂದು. 1967ರಲ್ಲಿ ಬಂದ ಕ್ವಾಡ್ 33ರ ರೇಡಿಯೋ ಇನ್‌ಪುಟ್ 100 ಮಿಲಿವೋಲ್ಟ್‌ಗೆ ಹೊಂದಿಸಿದ್ದು. ಅದಕ್ಕೆ ಇಂದಿನ 2 ವೋಲ್ಟನ್ನು ನೇರ ಕೊಡುವಂತಿಲ್ಲ, ನಡುವೆ ವೋಲ್ಟೇಜ್ ತಗ್ಗಿಸುವ ಅಟೆನ್ಯುಯೇಟರ್ ಬೇಕು.

ಆಮೇಲೆ ಇಂಪಿಡೆನ್ಸ್, ಅಂದರೆ ಎಸಿ ಸಿಗ್ನಲ್ಲಿಗೆ ಒಡ್ಡುವ ತಡೆ; ಅಳತೆ ಓಮ್‌ನಲ್ಲಿ. ಪವರ್ ಆಂಪ್‌ನ ಇನ್‌ಪುಟ್ ಇಂಪಿಡೆನ್ಸ್, ಪ್ರೀಆಂಪ್‌ನ ಔಟ್‌ಪುಟ್ ಇಂಪಿಡೆನ್ಸಿನ ಹತ್ತು ಪಟ್ಟಾದರೂ ಇರಲಿ. ವಾಲ್ವ್ ಪ್ರೀಆಂಪ್ ಆದರೆ ಅದರ ಔಟ್‌ಪುಟ್ ಕೆಪ್ಯಾಸಿಟರ್ ಎಷ್ಟು ಮೈಕ್ರೋಫ್ಯಾರಡ್ ಎಂಬುದನ್ನೂ ಕೇಳಿ. 0.47 ಮೈಕ್ರೋಫ್ಯಾರಡ್ ಕೆಪ್ಯಾಸಿಟರಿಗೆ 10 ಕಿಲೋಓಮ್‌ನ ಪವರ್ ಆಂಪ್ ಜೋಡಿಸಿದರೆ 34 ಹರ್ಟ್ಸ್ ಹೊತ್ತಿಗೆ 3 ಡೆಸಿಬಲ್ ಬಿದ್ದಿರುತ್ತದೆ. ಅದೇ ಪ್ರೀಆಂಪ್‌ಗೆ 47 ಕಿಲೋಓಮ್‌ನ ಆಂಪ್ ಕೊಟ್ಟರೆ ಆ ಕುಸಿತ 7 ಹರ್ಟ್ಸ್‌ಗೆ ಇಳಿಯುತ್ತದೆ. ‘ವಾಲ್ವ್‌ನಲ್ಲಿ ಬೇಸ್ ಬರೋದಿಲ್ಲ’ ಎಂಬ ದೂರಿನಲ್ಲಿ ಎಷ್ಟೋ ಸಲ ವಾಲ್ವ್‌ನದೇನೂ ತಪ್ಪಿರುವುದಿಲ್ಲ.

ಮೂರನೆಯದು ವೋಲ್ಟೇಜ್. ಜಪಾನಿನ ಒಳಮಾರುಕಟ್ಟೆಗೆ ಮಾಡಿದ್ದು 100 ವೋಲ್ಟಿನದು, ಅಮೆರಿಕದ್ದು 120. ನಮ್ಮ 230ಕ್ಕೆ ನೇರ ಚುಚ್ಚಿದರೆ ಕಥೆ ಮುಗಿಯಿತು. ಹಿಂಬದಿಯ ಚೀಟಿಯ ಫೋಟೋ ತರಿಸಿಕೊಂಡು ನೋಡಿ. ಕೆಲವು ಅಮೆರಿಕನ್ ಯಂತ್ರಗಳ ಟ್ರಾನ್ಸ್‌ಫಾರ್ಮರ್‌ನಲ್ಲಿ 115 ವೋಲ್ಟಿನ ಎರಡು ಸುತ್ತುಗಳಿದ್ದು, ಸರಣಿಯಲ್ಲಿ ಜೋಡಿಸಿದರೆ 230ಕ್ಕೆ ನಡೆಯುತ್ತವೆ. ಆ ಸೌಕರ್ಯ ಇಲ್ಲದ್ದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಬೆಂಗಳೂರಿನವರು ಎಸ್‌ಪಿ ರೋಡ್‌ನಲ್ಲಿ ವಿಚಾರಿಸಬಹುದು. ಪ್ರೀಆಂಪ್ ಎಳೆಯುವ ವ್ಯಾಟ್‌ನ ಎರಡು ಪಟ್ಟಾದರೂ ಅದರ ಸಾಮರ್ಥ್ಯ ಇರಲಿ. ಬರೀ 60 ಹರ್ಟ್ಸ್‌ಗೆ ಎಂದು ಬರೆದಿದ್ದರೆ ಯೋಚಿಸಿ: ನಮ್ಮ 50 ಹರ್ಟ್ಸ್‌ನಲ್ಲಿ ಅದರ ಟ್ರಾನ್ಸ್‌ಫಾರ್ಮರ್ ಹೆಚ್ಚು ಬಿಸಿಯಾಗುತ್ತದೆ, ಸ್ಟೆಪ್‌ಡೌನ್ ಹಾಕಿದರೂ ಅದು ತಪ್ಪುವುದಿಲ್ಲ.

ನೇಮ್‌ನ ಎನ್‌ಎಸಿ 72ರಂಥವಕ್ಕೆ ಸ್ವಂತ ಪವರ್ ಸಪ್ಲೈ ಇಲ್ಲ, 24 ವೋಲ್ಟನ್ನು ಅದೇ ಕಂಪನಿಯ ಪವರ್ ಆಂಪ್ ಅಥವಾ ಪ್ರತ್ಯೇಕ ಪೆಟ್ಟಿಗೆ ಕೊಡಬೇಕು. ಪೆಟ್ಟಿಗೆ ಅಥವಾ ಅದರ ಕೇಬಲ್ ಕಳೆದಿದ್ದರೆ ಬೆಲೆ ಎಷ್ಟೇ ಇಳಿದರೂ ಅದು ಅಗ್ಗವಲ್ಲ. ರಿಮೋಟ್ ಬಗ್ಗೆಯೂ ಕೇಳಿ. ಬ್ಯಾಲೆನ್ಸ್, ಮ್ಯೂಟ್ ಎಲ್ಲ ರಿಮೋಟಿನಲ್ಲಷ್ಟೇ ಇರುವ ಮಾದರಿಗಳಿವೆ.

ಮಾರುವವರ ಮನೆಯಲ್ಲಿ

ಮಲ್ಟಿಮೀಟರ್, ಟೋನ್ ಆಪ್ ಹಾಕಿದ ಫೋನ್, ಫೋನಿನಿಂದ ಆರ್‌ಸಿಎಗೆ ಹೋಗುವ ಕೇಬಲ್, ಟಾರ್ಚ್, ಒಂದು ಪೆನ್ಸಿಲ್ ಒಯ್ಯಿರಿ. ಪವರ್ ಆಂಪ್‌ಗೆ ಜೋಡಿಸುವ ಮೊದಲು ಪ್ರೀಆಂಪ್ ಒಂದನ್ನೇ ಆನ್ ಮಾಡಿ ಅರ್ಧ ಗಂಟೆ ಬಿಡಿ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಯಂತ್ರವಾದರೆ, ಕೆಲಸ ಗೊತ್ತಿರುವವರಿಂದ 40 ವ್ಯಾಟ್‌ನ ಹಳೇ ತಂತಿ ಬಲ್ಬನ್ನು ಸರಣಿಯಲ್ಲಿ ಹಾಕಿಸಿ ಆನ್ ಮಾಡಿ. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ.

ಈಗ ಡಿಸಿ ಅಳತೆ. ಇನ್‌ಪುಟ್‌ಗೆ ಏನೂ ಜೋಡಿಸಬೇಡಿ. ಮೀಟರನ್ನು 200 ಮಿಲಿವೋಲ್ಟ್ ಡಿಸಿಗೆ ಇಟ್ಟು, ಔಟ್‌ಪುಟ್ ಸಾಕೆಟ್ಟಿನ ನಡುವಿನ ತೂತಿಗೆ ಕೆಂಪು ಕಡ್ಡಿ, ಹೊರಬಳೆಗೆ ಕಪ್ಪು ಕಡ್ಡಿ ಹಿಡಿಯಿರಿ. ಎರಡು ಲೋಹಗಳಿಗೂ ಒಟ್ಟಿಗೆ ತಾಗದಂತೆ ನೋಡಿಕೊಳ್ಳಿ. 10 ಮಿಲಿವೋಲ್ಟ್ ಒಳಗಿದ್ದರೆ ನಿಶ್ಚಿಂತೆ. 50 ದಾಟಿದರೆ ಕಾರಣ ಹುಡುಕಲೇಬೇಕು, ಏಕೆಂದರೆ ಇನ್‌ಪುಟ್‌ನಲ್ಲಿ ಕೆಪ್ಯಾಸಿಟರ್ ಇಲ್ಲದ ಪವರ್ ಆಂಪ್ ಆ ಡಿಸಿಯನ್ನು ವರ್ಧಿಸಿ ಸ್ಪೀಕರಿಗೇ ಕಳಿಸಬಹುದು. ವಾಲ್ಯೂಮ್ ತಿರುಗಿಸಿದಂತೆ ಅಂಕಿ ಏರಿಳಿದರೆ ಗುಂಡಿಗೆ ಡಿಸಿ ತಲುಪುತ್ತಿದೆ, ಬಹುಶಃ ಅದರ ಹಿಂದಿನ ಕೆಪ್ಯಾಸಿಟರ್ ಸೋರುತ್ತಿದೆ. ಅಂಥ ಗುಂಡಿಯ ಕರಕರ ಸದ್ದು ಕಾಂಟ್ಯಾಕ್ಟ್ ಕ್ಲೀನರ್ ಎಷ್ಟು ಸುರಿದರೂ ಹೋಗುವುದಿಲ್ಲ.

ಚಾನೆಲ್‌ಗಳ ಸಮತೋಲ ನೋಡಲು ಫೋನಿನಿಂದ 200 ಹರ್ಟ್ಸ್ ಟೋನ್ ಬಿಡಿ. ಇಲ್ಲಿ ಒಂದು ಎಚ್ಚರ: ತೀರಾ ಅಗ್ಗದ ಮೀಟರ್‌ಗಳಲ್ಲಿ ಎಸಿ ಅಳತೆ 200 ವೋಲ್ಟಿನಿಂದಲೇ ಶುರು, ಈ ಕೆಲಸಕ್ಕೆ ಬಾರವು. 2 ವೋಲ್ಟಿನ ಎಸಿ ರೇಂಜ್ ಇರುವುದೇ ಬೇಕು. ಒಂದು ಚಾನೆಲ್ 1 ವೋಲ್ಟ್ ತೋರಿಸುವಂತೆ ಗುಂಡಿ ಇಟ್ಟಾಗ ಇನ್ನೊಂದು 0.94 ತೋರಿಸಿದರೆ ಅಂತರ ಅರ್ಧ ಡೆಸಿಬಲ್, 0.89 ಆದರೆ 1 ಡೆಸಿಬಲ್. ನೀವು ರಾತ್ರಿ ಹೊತ್ತು ಕೇಳುವಷ್ಟು ಸಣ್ಣ ಸದ್ದಿನಲ್ಲೂ ಇದನ್ನೇ ಮಾಡಿ ನೋಡಿ, ನಿಜವಾದ ಪರೀಕ್ಷೆ ಅದೇ.

ಇಷ್ಟಾದ ಮೇಲೆ ಪವರ್ ಆಂಪ್ ಜೋಡಿಸಿ. ಗುಂಯ್ ಎಂದರೆ ಒಂದೊಂದೇ ಸೋರ್ಸ್ ಕೇಬಲ್ ಕಿತ್ತು ನೋಡಿ. ಸದ್ದು ನಿಂತರೆ ಅದು ಅರ್ಥ್ ಲೂಪ್ (ಯಂತ್ರಗಳ ಅರ್ಥ್ ಎರಡು ದಾರಿಯಲ್ಲಿ ಸುತ್ತುಹಾಕಿದ್ದು), ಪ್ರೀಆಂಪ್‌ನ ದೋಷವಲ್ಲ. ಎಲ್ಲ ಕಿತ್ತ ಮೇಲೂ 100 ಹರ್ಟ್ಸ್‌ನ ಗುಂಯ್ ಉಳಿದರೆ ಪವರ್ ಸಪ್ಲೈಯ ಕೆಪ್ಯಾಸಿಟರ್‌ಗಳು ಬತ್ತಿರುವ ಸಾಧ್ಯತೆ ಹೆಚ್ಚು. ಗುಂಯ್ ಅಡಗಿಸಲು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕತ್ತರಿಸುವ ಪುಣ್ಯಾತ್ಮರಿದ್ದಾರೆ, ಅದನ್ನೂ ನೋಡಿಕೊಳ್ಳಿ. ಒಂದು ಚಾನೆಲ್ ಸದ್ದು ಸೊರಗಿ, ವಾಲ್ಯೂಮ್ ಏರಿಸಿದೊಡನೆ ಮರಳಿದರೆ ರಿಲೇಯ (ವಿದ್ಯುತ್ತಿನಿಂದ ನಡೆಯುವ ಒಳಗಿನ ಸ್ವಿಚ್ಚು) ಸಂಪರ್ಕ ಕಪ್ಪಾಗಿದೆ. ಕರಾವಳಿಯಲ್ಲಿ ವರ್ಷಗಟ್ಟಲೆ ಇದ್ದ ಯಂತ್ರಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಿ. ರಿಲೇ ಬದಲಿಸುವುದು ದೊಡ್ಡ ಖರ್ಚಲ್ಲ. ಎರಡೂ ಕಡೆ ಸದ್ದೇ ಬರದಿದ್ದರೆ ಗಾಬರಿಯಾಗುವ ಮೊದಲು ಟೇಪ್ ಡೆಕ್ಕಿನ ಸದ್ದನ್ನಷ್ಟೇ ಕೇಳಿಸುವ ಟೇಪ್ ಮಾನಿಟರ್ ಗುಂಡಿ ಒತ್ತಿದೆಯೇ ನೋಡಿ. ಇಷ್ಟೇ ಕಾರಣಕ್ಕೆ ‘ಕೆಟ್ಟಿದೆ’ ಎಂದು ಮಾರುವವರೂ ಉಂಟು.

ವಾಲ್ವ್‌ಗಳನ್ನು ಪೆನ್ಸಿಲ್‌ನ ರಬ್ಬರ್ ತುದಿಯಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಸಣ್ಣಗೆ ಟಕ್ ಎಂದರೆ ಸಹಜ, ಗಂಟೆಯಂತೆ ಅನುರಣಿಸಿದರೆ ಬದಲಿಸಬೇಕು. ಮುಚ್ಚಳ ತೆಗೆದಾಗ ಒಳಗೆ ಕೈ ಹಾಕಬೇಡಿ. 300 ವೋಲ್ಟಿನಷ್ಟು ವಿದ್ಯುತ್ತು ಆಫ್ ಮಾಡಿದ ಮೇಲೂ ಉಳಿದಿರುತ್ತದೆ. ಟಾರ್ಚ್ ಬಿಟ್ಟು ಉಬ್ಬಿದ ಕೆಪ್ಯಾಸಿಟರ್, ಬೋರ್ಡಿನ ಸುಟ್ಟ ಕಲೆ, ಎದ್ದ ತಾಮ್ರದ ಗೆರೆ ಇವೆಯೇ ಎಂದು ಕಣ್ಣಲ್ಲೇ ಹುಡುಕಿ. ‘ಅಪ್‌ಗ್ರೇಡ್ ಮಾಡಿಸಿದ್ದೇನೆ’ ಎಂಬ ಮಾತಿಗೆ ಹೆಚ್ಚು ಕೊಡಬೇಡಿ. ಕೈ ಹಾಕದ ಯಂತ್ರ ರಿಪೇರಿ ಮಾಡುವವರಿಗೂ ಸುಲಭ. ಇದಕ್ಕೆ ವ್ಯತಿರಿಕ್ತವಾಗಿ, ಮಾರ್ಕ್ ಲೆವಿನ್ಸನ್ ಎಂಎಲ್-1ರ ಸರ್ಕ್ಯೂಟ್‌ಗಳು ಗಟ್ಟಿ ಅಂಟಿನಲ್ಲಿ ಹುದುಗಿಸಿದ ಮಾಡ್ಯೂಲ್‌ಗಳು. ಒಂದು ಕೆಟ್ಟರೆ ಬಿಡಿಸಿ ಸರಿಪಡಿಸುವುದು ಬಹಳ ಕಷ್ಟ.

ಒಯ್ಯುವಾಗ, ಜೋಡಿಸುವಾಗ

ವಾಲ್ವ್‌ಗಳನ್ನು ಕಿತ್ತು, ಯಾವುದು ಯಾವ ಸಾಕೆಟ್ಟಿನದು ಎಂದು ಗುರುತು ಹಾಕಿ ಬೇರೆ ಡಬ್ಬಿಯಲ್ಲಿಡಿ. ಕೊರಿಯರ್ ಆದರೆ ಡಬ್ಬಿಯೊಳಗೆ ಡಬ್ಬಿ ಇರಲಿ. ಕಾನ್ರಾಡ್-ಜಾನ್ಸನ್‌ನ ಹಲವು ಪ್ರೀಆಂಪ್‌ಗಳು ಫೇಸ್ ತಿರುಗಿಸುತ್ತವೆ, ಅಂದರೆ ಸಿಗ್ನಲ್ಲನ್ನು ತಲೆಕೆಳಗು ಮಾಡುತ್ತವೆ; ಎರಡೂ ಸ್ಪೀಕರ್‌ಗಳಲ್ಲಿ ಪ್ಲಸ್ ಮೈನಸ್ ತಂತಿಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಆನ್ ಮಾಡುವಾಗ ಮೊದಲು ಪ್ರೀಆಂಪ್, ಒಂದು ನಿಮಿಷ ಬಿಟ್ಟು ಪವರ್ ಆಂಪ್. ಆಫ್ ಮಾಡುವಾಗ ಪವರ್ ಆಂಪ್ ಮೊದಲು.