ಪುಣೆಯ ಮಳೆಗೆ ಸೈಕಲ್ ಜಾಕೆಟ್: ನಾನು ಆರಿಸಿಕೊಂಡ ಬಗೆ

ಕೋಥ್ರೂಡಿನಿಂದ ಹಿಂಜವಡಿಯ ಆಫೀಸಿಗೆ ನಾನು ಹೋಗಿಬರುವುದು ಸೈಕಲ್ಲಿನಲ್ಲೇ, ಮಳೆಗಾಲದಲ್ಲೂ. ವಿಜಯಪುರ, ಧಾರವಾಡ ಕಡೆಯವರು ಇಲ್ಲಿ ಬೇಕಾದಷ್ಟಿದ್ದಾರೆ. ಬೇಸಿಗೆಯಲ್ಲಿ ಜೊತೆಗೆ ಬರುವ ಗೆಳೆಯರು ಮಿರಗ, ಅಂದರೆ ಮೃಗಶಿರಾ ಮಳೆ, ಹೊಕ್ಕಿದ್ದೇ ತಡ ಸೈಕಲ್ಲನ್ನು ಮೂಲೆಗೆ ಸೇರಿಸಿಬಿಡುತ್ತಾರೆ. ಹಾಗೆ ಸೇರಿಸುವ ಅಗತ್ಯವೇ ಇಲ್ಲ ಎಂದು ನಾನು ಖಚಿತವಾಗಿ ನಂಬಿದ್ದೇನೆ. ಪುಣೆ ಊರೊಳಗೆ ಬೀಳುವುದು ಹೆಚ್ಚಾಗಿ ಜಿಟಿಜಿಟಿ ಮಳೆ. ಧೋ ಎಂದು ಸುರಿಯುವುದೆಲ್ಲ ಪಶ್ಚಿಮಕ್ಕೆ, ಮುಳಶಿ, ತಾಮ್ಹಿಣಿ, ಲೋಣಾವಳದ ಘಾಟಿನಲ್ಲಿ. ಜುಲೈಯಲ್ಲಿ ಹಗಲು 27–28 ಡಿಗ್ರಿ, ರಾತ್ರಿ 22–23. ಚಳಿಯೂ ಅಲ್ಲ, ಸೆಖೆಯೂ ಅಲ್ಲ. ತುಳಿಯಲು ಇದಕ್ಕಿಂತ ಒಳ್ಳೆಯ ಹವೆ ಬೇಕೆ?

"ಅಣ್ಣಾ, ಯಾವ ಜಾಕೆಟ್ ತಗೋಬೇಕು?" ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಎರಡೂವರೆ ಸಾವಿರದೊಳಗೆ ಕೆಲಸ ಆಗುತ್ತದೆ. ಬಟ್ಟೆಯ ಮೇಲಿನ ಅಂಕಿಗಳಿಗಿಂತ ಜಾಕೆಟ್ಟಿನೊಳಗೆ ಗಾಳಿ ಆಡಲು ದಾರಿ ಎಲ್ಲಿದೆ ಎಂಬುದನ್ನು ನೋಡಿ. ಹೀಗೇಕೆ ಹೇಳುತ್ತೇನೆ ಎಂಬುದಕ್ಕೆ ಸ್ವಲ್ಪ ಲೆಕ್ಕ ಬೇಕು.

ನೀರನ್ನು ತಡೆದು ಬೆವರಿನ ಆವಿಯನ್ನು ಹೊರಗೆ ಬಿಡುವ ಬಟ್ಟೆಗಳಲ್ಲಿ ಹೆಸರಾದದ್ದು ಗೋರ್‌ಟೆಕ್ಸ್. 1969ರಲ್ಲಿ ಅಮೆರಿಕದ ಬಾಬ್ ಗೋರ್, ಟೆಫ್ಲಾನ್ ಎಂದು ನಮಗೆಲ್ಲ ಗೊತ್ತಿರುವ ಪಿಟಿಎಫ್‌ಇಯ ಕಡ್ಡಿಯನ್ನು ಕಾಯಿಸಿ ಒಮ್ಮೆಲೇ ಜೋರಾಗಿ ಜಗ್ಗಿದಾಗ, ಅದು ಹರಿಯದೆ ಹಿಗ್ಗಿತು, ಮೈತುಂಬ ಅತಿಸೂಕ್ಷ್ಮ ರಂಧ್ರಗಳಾದವು. ಆ ರಂಧ್ರದಲ್ಲಿ ನೀರಿನ ಹನಿ ತೂರಲಾರದು, ಆವಿ ತೂರುತ್ತದೆ. ನಮ್ಮ ಬಜೆಟ್ಟಿನಲ್ಲಿ ಅದು ಸಿಗುವುದಿಲ್ಲ. ಸಿಗುವುದು ನೈಲಾನ್ ಇಲ್ಲವೇ ಪಾಲಿಯೆಸ್ಟರ್ ಬಟ್ಟೆ, ಅದರ ಒಳಮೈಗೆ ಪಾಲಿಯುರಥೇನ್ ಲೇಪ. ಅಂಗಡಿಯವರು ಪಿಯು ಕೋಟಿಂಗ್ ಎನ್ನುತ್ತಾರೆ. ಈ ಲೇಪವೂ ಆವಿಯನ್ನು ದಾಟಿಸುತ್ತದೆ, ಆದರೆ ನಿಧಾನ.

ದುಬಾರಿಯದಾಗಲಿ ಅಗ್ಗದ್ದಾಗಲಿ, ಆವಿ ತಾನಾಗಿ ಹೊರಗೆ ಹೋಗುವುದಿಲ್ಲ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿರಬೇಕು. ಆ ವ್ಯತ್ಯಾಸವೇ ತಳ್ಳುವ ಬಲ. ಬೆವರಿದ ಚರ್ಮ 34 ಡಿಗ್ರಿಯಲ್ಲಿದ್ದರೆ ಅಲ್ಲಿಯ ಆವಿಯ ಒತ್ತಡ ಸುಮಾರು 53 ಮಿಲಿಬಾರ್. 5 ಡಿಗ್ರಿಯ ಚಳಿಯೂರಿನಲ್ಲಿ ಮಳೆ ಬರುತ್ತಿದ್ದರೆ ಹೊರಗಿನ ಒತ್ತಡ 8 ಮಿಲಿಬಾರಿನ ಆಸುಪಾಸು. ವ್ಯತ್ಯಾಸ 45. ನಮ್ಮಲ್ಲಿ 25 ಡಿಗ್ರಿ, ಗಾಳಿಯಲ್ಲಿ ಶೇಕಡಾ 90 ತೇವ. ಹೊರಗಿನ ಒತ್ತಡವೇ 28ರಷ್ಟು. ಉಳಿಯುವ ವ್ಯತ್ಯಾಸ ಬರೀ 25. ಯುರೋಪಿನ ಚಳಿಮಳೆಯಲ್ಲಿ ಸೊಗಸಾಗಿ ಕೆಲಸ ಮಾಡುವ ಜಾಕೆಟ್ಟು ಪುಣೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಬಲದಲ್ಲಿ ಕೆಲಸ ಮಾಡಬೇಕು. ಹದಿನೈದು ಸಾವಿರ ಕೊಟ್ಟರೂ ಈ ಲೆಕ್ಕ ಬದಲಾಗುವುದಿಲ್ಲ.

ಇನ್ನು ಲೇಬಲ್ಲಿನ ಅಂಕಿ. ಸಾಮಾನ್ಯವಾಗಿ ಎರಡು ಇರುತ್ತವೆ. ಮಿಲಿಮೀಟರಿನಲ್ಲಿರುವುದು ನೀರಿನ ಕಂಬದ ಎತ್ತರ. 10,000 ಎಂದರೆ ಹತ್ತು ಮೀಟರ್ ಎತ್ತರದ ನೀರಿನ ಒತ್ತಡವನ್ನು ಬಟ್ಟೆ ತಾಳಿದೆ ಎಂದರ್ಥ. ಜಿಟಿಜಿಟಿ ಮಳೆಗೆ 2,000 ಸಾಕು, ಊರೊಳಗಿನ ಒಂದು ಗಂಟೆಯ ಜೋರು ಮಳೆಗೆ 5,000. ಘಾಟಿನ ಕಡೆ ಹೋಗುವವರು 10,000 ತೆಗೆದುಕೊಳ್ಳಿ. ಅದಕ್ಕಿಂತ ಹೆಚ್ಚಿನದಕ್ಕೆ ಸೈಕಲ್ಲಿನವರು ಹಣ ಹಾಕಬೇಕಿಲ್ಲ. ಎರಡನೆಯ ಅಂಕಿ ಒಂದು ಚದರ ಮೀಟರ್ ಬಟ್ಟೆಯ ಮೂಲಕ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ದಾಟುತ್ತದೆ ಎನ್ನುವುದು. 10,000 ಎಂದು ಬರೆದಿದ್ದರೆ ಗಂಟೆಗೆ 416 ಗ್ರಾಂ ಆಯಿತು, ಅದೂ ಪ್ರಯೋಗಶಾಲೆಯ ಅನುಕೂಲದಲ್ಲಿ. ಚಾಂದನಿ ಚೌಕದ ಏರು ಹತ್ತುವಾಗ ಮೈ ಬಿಡುವ ಬೆವರು ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರ್. ಅಷ್ಟನ್ನು ಬಟ್ಟೆಯೊಂದೇ ಹೊರಹಾಕಲಾರದು. ಈ ಅಂಕಿಯನ್ನು ಅಳೆಯುವ ವಿಧಾನಗಳೂ ಹಲವು. ಜಪಾನಿನ ಬಿ1 ವಿಧಾನದಲ್ಲಿ ಅಳೆದರೆ ಅದೇ ಬಟ್ಟೆಗೆ ಎ1 ವಿಧಾನಕ್ಕಿಂತ ದೊಡ್ಡ ಅಂಕಿ ಬರುವುದುಂಟು. ಹಾಗಾಗಿ ಒಂದು ಕಂಪನಿಯ 10,000ವನ್ನು ಇನ್ನೊಂದರ 8,000ದ ಪಕ್ಕದಲ್ಲಿಟ್ಟು ತೂಗುವುದನ್ನು ನಾನು ಬಿಟ್ಟೇ ಬಿಟ್ಟಿದ್ದೇನೆ. ಎಲ್ಲಾದರೂ ಆರ್‌ಇಟಿ ಎಂಬ ಅಂಕಿ, ಅಂದರೆ ಆವಿಗೆ ಬಟ್ಟೆ ಒಡ್ಡುವ ತಡೆ, ಕೊಟ್ಟಿದ್ದರೆ ಅದನ್ನು ನೋಡಿ. ಅದು ಕಡಿಮೆಯಿದ್ದಷ್ಟೂ ಒಳ್ಳೆಯದು. 6ಕ್ಕಿಂತ ಕೆಳಗಿದ್ದರೆ ಬಹಳ ಚೆನ್ನ, 20 ದಾಟಿದರೆ ತುಳಿಯುವವರಿಗೆ ಬೇಡ.

ಆದ್ದರಿಂದ ಅಂಗಡಿಯಲ್ಲಿ ನಾನು ಮೊದಲು ನೋಡುವುದು ಹೊಲಿಗೆಯನ್ನು. ಜಾಕೆಟ್ಟನ್ನು ಒಳಮಗ್ಗಲು ತಿರುವಿ, ಹೆಗಲು, ಕತ್ತು, ತೋಳಿನ ಜೋಡಣೆ ಎಲ್ಲ ಕಡೆ ಹೊಲಿಗೆಯ ಮೇಲೆ ತೆಳ್ಳನೆಯ ಟೇಪ್ ಅಂಟಿಸಿದ್ದಾರೆಯೇ ಎಂದು ಬೆರಳಾಡಿಸಿ ನೋಡುತ್ತೇನೆ. ಸೂಜಿಯ ತೂತು ಒಂದೊಂದೂ ನೀರಿನ ದಾರಿ. ಹೆಗಲಿನ ಮೇಲೆ ಟೇಪ್ ಇಲ್ಲದಿದ್ದರೆ ಬಟ್ಟೆಗೆ ಎಂಥ ಅಂಕಿ ಬರೆದಿದ್ದರೂ ಅದನ್ನು ಹ್ಯಾಂಗರಿಗೆ ವಾಪಸ್ ಹಾಕಿ.

ಆಮೇಲೆ ಅಳತೆ. ನೆಟ್ಟಗೆ ನಿಂತು ಕನ್ನಡಿ ನೋಡಿದರೆ ಎಲ್ಲ ಜಾಕೆಟ್ಟೂ ಸರಿಯಾಗಿಯೇ ಕಾಣುತ್ತದೆ. ಅಂಗಡಿಯ ಕೌಂಟರಿನ ಮೇಲೆ ಎರಡೂ ಅಂಗೈ ಊರಿ, ಹ್ಯಾಂಡಲ್ ಹಿಡಿದಂತೆ ಮುಂದಕ್ಕೆ ಬಾಗಿ. ತೋಳು ಮಣಿಕಟ್ಟಿನಿಂದ ಮೇಲೇರಿತೇ? ಬೆನ್ನ ಕೆಳಗೆ ಗಾಳಿ ತಾಗಿತೇ? ತಾಗಿದರೆ ಹಿಂದಿನ ಚಕ್ರ ಎರಚುವ ಕೆಸರುನೀರು ನೇರ ಅಲ್ಲಿಗೇ ಬರುತ್ತದೆ. ಸೈಕಲ್ಲಿನವರಿಗೆಂದೇ ಹೊಲಿದ ಜಾಕೆಟ್ಟುಗಳಲ್ಲಿ ಹಿಂಭಾಗ ನಾಲ್ಕು ಬೆರಳು ಉದ್ದವಿರುತ್ತದೆ. ಚಾರಣದವರ ಜಾಕೆಟ್ಟು ಕೊಳ್ಳುವುದಾದರೆ ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ. ಅಗ್ಗಕ್ಕೆ ಸುಲಭವಾಗಿ ಸಿಗುವುದೂ ಅದೇ. ನಾನು ಕೊಂಡದ್ದು ಚಾರಣದ ಜಾಕೆಟ್ಟನ್ನೇ, 1,700 ರೂಪಾಯಿಗೆ: ಪಿಯು ಲೇಪ, ಎಲ್ಲ ಹೊಲಿಗೆಗೂ ಟೇಪ್, ಮಣಿಕಟ್ಟಿಗೆ ವೆಲ್ಕ್ರೋ ಪಟ್ಟಿ, ದೂರದಿಂದ ಕಾಣುವ ಹಳದಿ ಬಣ್ಣ. ಅದರಲ್ಲಿ ಇಲ್ಲದ್ದು ಒಂದೇ, ಬಗಲಿನ ಜಿಪ್ಪು. ದುಬಾರಿ ಜಾಕೆಟ್ಟುಗಳಲ್ಲಿ ತೋಳಿನ ಅಡಿಗೆ ಉದ್ದಕ್ಕೆ ಜಿಪ್ ಇರುತ್ತದೆ. ತೆರೆದರೆ ಗಾಳಿ ಒಳಗೆ ಹೊಕ್ಕು ಬಿಸಿಯನ್ನೂ ಆವಿಯನ್ನೂ ಹೊತ್ತೊಯ್ಯುತ್ತದೆ. ಬಟ್ಟೆ ಗಂಟೆಗಟ್ಟಲೆ ಒದ್ದಾಡುವ ಕೆಲಸ ಅದು.

ಆ ಜಿಪ್ಪನ್ನು ನಾನೇ ಹಾಕಿಸಿದೆ. ಕರ್ವೇನಗರದಲ್ಲಿ ಬ್ಯಾಗು, ರೇನ್‌ಕೋಟು ರಿಪೇರಿ ಮಾಡುವ ಕಾಕಾ ಒಬ್ಬರಿದ್ದಾರೆ, ಇಂಡಿ ಕಡೆಯವರು. ಜಾಕೆಟ್ಟನ್ನು ಮೇಜಿನ ಮೇಲೆ ಹರವಿ ಚಾಕ್‌ನಿಂದ ಗೆರೆ ಎಳೆದು ತೋರಿಸಿದೆ.

"ಹೊಸಾ ಜಾಕೆಟ್ಟಿಗೆ ಕತ್ತರಿ ಹಾಕು ಅಂತೀಯಲ್ಲೋ ತಮ್ಮಾ! ನೀರ ಬಂದ್ರ ನನ್ನ ಕೇಳಬ್ಯಾಡ."

"ಬಗಲಾಗ ಮಳಿ ಬೀಳೂದಿಲ್ರಿ ಕಾಕಾ. ಹ್ಯಾಂಡಲ್ ಹಿಡದಾಗ ತೋಳ ಮ್ಯಾಲ ಇರ್ತದ, ಬಗಲು ಕೆಳಗ ಇರ್ತದ."

ಅವರು ತೋಳನ್ನು ಎತ್ತಿ ಇಳಿಸಿ ನೋಡಿ ಒಪ್ಪಿದರು. ಹೊಲಿಗೆಯ ಮೇಲೆ ಕತ್ತರಿಸದೆ, ಅದರಿಂದ ಎರಡು ಬೆರಳು ಹಿಂದಕ್ಕೆ, ಒಂದು ಗೇಣು ಉದ್ದ ಕತ್ತರಿಸಿದರು. ಕತ್ತರಿಸಿದ ಅಂಚು ಎಳೆ ಬಿಡದ ಹಾಗೆ ಮೇಣದಬತ್ತಿಯ ಉರಿಗೆ ಹಿಡಿದೂ ಹಿಡಿಯದ ಹಾಗೆ ಸವರಿಸಿದರು. ನೈಲಾನ್ ಕರಗಿ ಅಂಚು ಗಟ್ಟಿಯಾಯಿತು. ಐದು ನಂಬರಿನ ನೈಲಾನ್ ಜಿಪ್ಪು, ಅದರ ಮೇಲೆ ಮುಚ್ಚಲು ಹಳೆಯ ರೇನ್‌ಕೋಟಿನ ಬಟ್ಟೆಯ ಒಂದೂವರೆ ಬೆರಳಗಲದ ಪಟ್ಟಿ. ತೆಳ್ಳನೆಯ ಸೂಜಿ ಹಾಕಲು ಹೇಳಿದ್ದೆ. ಮನೆಗೆ ಬಂದು ಹೊಸ ಹೊಲಿಗೆಯ ಒಳಮಗ್ಗಲಿಗೆ ಟೆಂಟು, ರೇನ್‌ಕೋಟುಗಳ ಹೊಲಿಗೆ ಮುಚ್ಚುವ ಪಾರದರ್ಶಕ ಅಂಟನ್ನು ಬೆರಳಲ್ಲಿ ಸವರಿ ಒಂದು ರಾತ್ರಿ ಒಣಗಲು ಬಿಟ್ಟೆ. ಜಿಪ್ಪು, ಕೂಲಿ, ಅಂಟು ಎಲ್ಲ ಸೇರಿ ಐದುನೂರರೊಳಗೆ ಮುಗಿಯಿತು. ಕತ್ತರಿ ಹಾಕುವ ಮೊದಲು ಜಾಕೆಟ್ಟನ್ನು ಮನೆಯಲ್ಲಿ ಷವರಿನ ಕೆಳಗೆ ಹಾಕಿಕೊಂಡು ನಿಂತು ನೋಡಿ. ಸೋರಿದರೆ ಬದಲಿಸಿಕೊಳ್ಳಬಹುದು, ಕತ್ತರಿಸಿದ ಮೇಲೆ ಯಾವ ಅಂಗಡಿಯೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಅಂಗಡಿಯಲ್ಲಿ ಬಟ್ಟೆಗೆ ಬಾಯಿಟ್ಟು ಊದಿ, ಗಾಳಿ ದಾಟದಿದ್ದರೆ "ಇದು ಬ್ರೀದಬಲ್ ಅಲ್ಲ", ಅಂದರೆ ಆವಿ ಬಿಡುವುದಿಲ್ಲ, ಎನ್ನುವವರನ್ನು ನೋಡಿದ್ದೇನೆ. ಊದಿದ ಗಾಳಿ ಸಲೀಸಾಗಿ ದಾಟಿದರೆ ಆ ಬಟ್ಟೆ ಮಳೆಯನ್ನೂ ಬಹಳ ಹೊತ್ತು ತಡೆಯಲಾರದು. ಆವಿ ದಾಟುವುದನ್ನು ನೋಡಬೇಕೆಂದಿದ್ದರೆ ಮನೆಯಲ್ಲಿ ಹೀಗೆ ಮಾಡಿ: ಸ್ಟೀಲ್ ಲೋಟಕ್ಕೆ ಅರ್ಧದಷ್ಟು ಬಿಸಿನೀರು ಹಾಕಿ, ಜಾಕೆಟ್ಟಿನ ಒಳಮೈ ನೀರಿನ ಕಡೆ ಬರುವಂತೆ ಬಾಯಿಗೆ ಬಿಗಿದು ರಬ್ಬರ್ ಬ್ಯಾಂಡ್ ಹಾಕಿ. ಮೇಲೆ ಒಂದು ತಣ್ಣನೆಯ ಗಾಜಿನ ಲೋಟ ಬೋರಲು ಹಾಕಿ. ಗಾಜಿನ ಒಳಗೆ ಮಂಜು ಕಟ್ಟಿದರೆ ಆವಿ ದಾಟುತ್ತಿದೆ ಎಂದರ್ಥ. ಅಗ್ಗದ ಪಿವಿಸಿ ರೇನ್‌ಕೋಟಿನ ಪಕ್ಕದಲ್ಲಿಟ್ಟು ಮಾಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನಮ್ಮ ಜಾಕೆಟ್ಟಿನ ಗಾಜು ಮಬ್ಬಾಯಿತು, ಪಿವಿಸಿಯದು ತಿಳಿಯಾಗಿಯೇ ಉಳಿಯಿತು.

ಬಗಲಿನ ಜಿಪ್ಪು ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಸಿಂಹಗಡದ ದಾರಿಯಲ್ಲಿ. ಕೋಟೆ ಇರುವುದು ಸಮುದ್ರಮಟ್ಟದಿಂದ 1,312 ಮೀಟರ್ ಎತ್ತರದಲ್ಲಿ. ಖಡಕವಾಸಲಾ ಅಣೆಕಟ್ಟು ದಾಟಿ ಗಡದ ಬುಡದಿಂದ ಏರು ಶುರುವಾದರೆ ಉಸಿರು ಬಿಡಲು ಪುರುಸೊತ್ತಿಲ್ಲ. ಏರುವಾಗ ವೇಗವಿಲ್ಲ, ಗಾಳಿಯಿಲ್ಲ, ಬೆವರು ಧಾರಾಕಾರ. ಸಣ್ಣ ಮಳೆಯಾದರೆ ನಾನು ಜಾಕೆಟ್ಟನ್ನೇ ತೆಗೆದು ಬ್ಯಾಗಿಗೆ ಹಾಕುತ್ತೇನೆ. ಬೆಚ್ಚನೆಯ ಮಳೆ ಮೈಗೆ ಬಿದ್ದರೆ ಏನೂ ಆಗುವುದಿಲ್ಲ, ಒಳಗೆ ಬೆವರಿನಲ್ಲಿ ಬೇಯುವುದಕ್ಕಿಂತ ಅದು ಎಷ್ಟೋ ಹಿತ. ಜೋರು ಮಳೆಯಾದರೆ ಹಾಕಿಕೊಂಡು, ಬಗಲು ಪೂರ್ತಿ ತೆರೆದು, ಮುಂದಿನ ಜಿಪ್ಪನ್ನು ಎದೆಯವರೆಗೆ ಇಳಿಸುತ್ತೇನೆ. ಮೇಲೆ ಪಿಠಲಂ-ಭಾಕರಿ, ಕಾಂದಾ ಭಜಿ ತಿಂದು ಇಳಿಯುವಾಗ ಎಲ್ಲ ಮುಚ್ಚಬೇಕು. ಒದ್ದೆ ಬಟ್ಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬಡಿದರೆ ಪುಣೆಯಲ್ಲೂ ಕೈ ನಡುಗುತ್ತದೆ, ನಡುಗುವ ಕೈಗೆ ಬ್ರೇಕ್ ಸರಿಯಾಗಿ ಸಿಗುವುದಿಲ್ಲ. ಜಾಕೆಟ್ಟು ನಿಜವಾಗಿ ಬೇಕಾಗುವುದು ಇಳಿಜಾರಿಗೆ. ಭಾರಿ ಮಳೆಯಲ್ಲಿ ಅಲ್ಲಿ ಗುಡ್ಡ ಕುಸಿಯುತ್ತದೆ, ರಸ್ತೆ ಮುಚ್ಚುತ್ತಾರೆ; ವಿಚಾರಿಸಿಕೊಂಡೇ ಹೊರಡಿ.

ಒಳಗೆ ಹತ್ತಿ ಬನಿಯನ್ ಬೇಡ, ತೆಳು ಪಾಲಿಯೆಸ್ಟರ್ ಟೀಶರ್ಟ್ ಸಾಕು. ಟೋಪಿ, ಅಂದರೆ ಹುಡ್, ಹೆಲ್ಮೆಟ್ಟಿನ ಅಡಿಗೆ ಹೋಗುವಷ್ಟು ತೆಳ್ಳಗಿದ್ದರೆ ಸರಿ. ದಪ್ಪ ಹುಡ್ ತಲೆಯ ಜೊತೆ ತಿರುಗುವುದಿಲ್ಲ, ಹಿಂದೆ ಬರುವ ಪಿಎಂಪಿಎಂಎಲ್ ಬಸ್ಸು ಕಾಣುವುದೇ ಇಲ್ಲ. ನಾನು ಹುಡ್ ಮಡಚಿಟ್ಟು, ಮುಂದೆ ಚುಂಚಿರುವ ಹಗುರ ಕ್ಯಾಪನ್ನು ಹೆಲ್ಮೆಟ್ಟಿನ ಕೆಳಗೆ ಹಾಕುತ್ತೇನೆ. ಕನ್ನಡಕಕ್ಕೂ ನೀರು ಬೀಳುವುದಿಲ್ಲ. ಬೆನ್ನಿಗೆ ಬ್ಯಾಗು ಹಾಕುವವರು ಅದನ್ನು ಕ್ಯಾರಿಯರಿಗೆ ಕಟ್ಟಿ. ಪಟ್ಟಿ ಒತ್ತುವ ಹೆಗಲಿನಲ್ಲೇ ನೀರು ಮೊದಲು ಒಳಗಿಳಿಯುತ್ತದೆ, ಬೆನ್ನಿನ ಗಾಳಿಯೂ ನಿಲ್ಲುತ್ತದೆ. ಎರಡೂ ಚಕ್ರಕ್ಕೆ ಮಡ್‌ಗಾರ್ಡ್ ಹಾಕಿಸದೆ ಜಾಕೆಟ್ಟಿಗೆ ಖರ್ಚು ಮಾಡಬೇಡಿ.

ಹೊಸ ಜಾಕೆಟ್ಟಿನ ಮೇಲೆ ಮಳೆಹನಿ ಕೆಸುವಿನ ಎಲೆಯ ಮೇಲಿನ ಹಾಗೆ ಉರುಳುತ್ತದೆ. ಅದು ಹೊರಮೈಗೆ ಹಚ್ಚಿರುವ ನೀರುಜಾರು ಲೇಪದ ಕೆಲಸ, ಒಳಗಿನ ಪಿಯುನದ್ದಲ್ಲ. ಧೂಳು, ಎಣ್ಣೆ, ಬೆವರು ಕೂತಂತೆ ಅದು ಸವೆದು, ಹೊರಬಟ್ಟೆ ನೀರು ಕುಡಿದು ಕಪ್ಪಾಗಿ ಕಾಣತೊಡಗುತ್ತದೆ. ಆಗ ನೀರು ಒಳಗೆ ಬಾರದಿದ್ದರೂ ಆವಿ ಹೊರಗೆ ಹೋಗುವುದು ಬಹುಮಟ್ಟಿಗೆ ನಿಂತು, ಮೈಯೆಲ್ಲ ತೊಯ್ದು, ಜಾಕೆಟ್ಟು ಸೋರುತ್ತಿದೆ ಎಂದೇ ಅನ್ನಿಸುತ್ತದೆ. ಎಸೆಯಬೇಡಿ. ಕಂಫರ್ಟಿನಂಥ ಸಾಫ್ಟ್‌ನರ್ ಮುಟ್ಟಿಸದೆ, ಸ್ವಲ್ಪವೇ ದ್ರವ ಸೋಪಿನಲ್ಲಿ ಕೈಯಿಂದ ಒಗೆದು, ಸೋಪು ಪೂರ್ತಿ ಹೋಗುವವರೆಗೆ ಜಾಲಿಸಿ, ನೆರಳಲ್ಲಿ ಒಣಗಿಸಿ. ಲೇಬಲ್ಲಿನಲ್ಲಿ ಇಸ್ತ್ರಿಗೆ ಅನುಮತಿ ಇದ್ದರೆ ಮೇಲೊಂದು ಹತ್ತಿ ಬಟ್ಟೆ ಹಾಸಿ ಕಡಿಮೆ ಶಾಖದಲ್ಲಿ ಒಮ್ಮೆ ಎಳೆಯಿರಿ. ಶಾಖಕ್ಕೆ ಆ ಲೇಪ ಮತ್ತೆ ಚುರುಕಾಗುತ್ತದೆ. ಆಗಲೂ ಹನಿ ಉರುಳದಿದ್ದರೆ ನಿಕ್‌ವ್ಯಾಕ್ಸ್‌ನಂಥ ಲೇಪದ ಬಾಟಲಿ ತರಿಸಿ.

ಒದ್ದೆ ಜಾಕೆಟ್ಟನ್ನು ಮಡಚಿ ಬ್ಯಾಗಿನಲ್ಲಿ ರಾತ್ರಿಯಿಡೀ ಬಿಡಬಾರದು. ಶಾಖ ಮತ್ತು ತೇವ ಸೇರಿದರೆ ಪಿಯು ಲೇಪ ಅಂಟಂಟಾಗಿ ಸಿಪ್ಪೆ ಏಳುತ್ತದೆ, ಅದಕ್ಕೆ ರಿಪೇರಿ ಇಲ್ಲ. ಆಫೀಸಿನಲ್ಲಿ ಕುರ್ಚಿಯ ಬೆನ್ನಿಗೆ ಹರವಿ, ಮಳೆಗಾಲ ಮುಗಿದ ಮೇಲೆ ಹ್ಯಾಂಗರಿಗೆ ಹಾಕಿ ಇಡಿ.

ಠಾಣೆಯಲ್ಲಿರುವ ನನ್ನ ತಮ್ಮನಿಗೆ ಮಾತ್ರ ನಾನು ಈ ಜಾಕೆಟ್ಟು ಹೇಳಿಲ್ಲ. ಮುಂಬೈಯ ಮಳೆ ಇದರ ಮೂರ್ನಾಲ್ಕು ಪಟ್ಟು, ಸೆಖೆಯೂ ಹೆಚ್ಚು. ಗೋವೆಯೂ ಹಾಗೆಯೇ. ಅಲ್ಲಿ ಸ್ಟೇಷನ್ನಿನವರೆಗೆ ನಿಧಾನ ತುಳಿಯುವವರಿಗೆ ಹ್ಯಾಂಡಲ್ಲಿನ ಮೇಲೆ ಹರವಿಕೊಳ್ಳುವ, ಕೆಳಗೆಲ್ಲ ತೆರೆದಿರುವ ಪೊಂಚೊ ಒಳ್ಳೆಯದು. ಗಾಳಿ ಜೋರಿರುವ ಹೈವೇಗೆ ಮತ್ತು ಸೇತುವೆಗೆ ಅದು ಬೇಡ, ಹಾಯಿಯಂತೆ ಸೈಕಲ್ಲನ್ನೇ ಎಳೆಯುತ್ತದೆ. ಅಂಥ ದಾರಿಯವರು ಜಾಕೆಟ್ಟನ್ನೇ ತೆಗೆದುಕೊಂಡು, ಒಂದು ಗೇಣಿನ ಬದಲು ಒಂದೂವರೆ ಗೇಣು ಬಗಲು ತೆರೆಸಿಕೊಳ್ಳಲಿ.